ಮಧುಮೇಹವೂ ಅದರ ಔಷಧಿಗಳ ವ್ಯಾಪಾರವೂ: ಗ್ರಾಮದ ಮುಖಂಡರು ತಿಳಿದಿರಬೇಕಾದ ಸಂಗತಿಗಳು

ಬೆಳೆಗಳಿಗೆ ತಗಲುವ ರೋಗಗಳನ್ನೂ ದನಕರುಗಳ ಜಾಡ್ಯಗಳನ್ನೂ ಕುರಿತು ಈ ಪತ್ರಿಕೆಯಲ್ಲಿ ಲೇಖನಗಳು ಬರುತ್ತಿರುವುದು ವಾಚಕರಿಗೆ ತಿಳಿದೇ ಇದೆ. ಬೇಸಾಯ ಮಾಡತಕ್ಕವನ ದೇಹವೇ ರೋಗಕ್ಕೆ ಈಡಾದರೆ ಬೀಜ, ಗೊಬ್ಬರ, ನೀರು ಎಷ್ಟು ಚೆನ್ನಾಗಿದ್ದರೂ ಫಲವಿಲ್ಲವಷ್ಟೆ. ಆದುದರಿಂದ ಜನರು ಸಕ್ಕರೆ ಕಾಯಿಲೆ ಎಂದು ಕರೆಯುವ ಮಧುಮೇಹವು ಪ್ರಪಂಚದಲ್ಲಿ ಹೇಗೆ ಹೆಚ್ಚಿತು, ಅದರ ಔಷಧಿಗಳ ವ್ಯಾಪಾರವು ಹೇಗೆ ಬೆಳೆಯಿತು, ನಮ್ಮ ಗ್ರಾಮಗಳಲ್ಲಿ ಅದರಿಂದಾಗುವ ನಷ್ಟವನ್ನು ಅಲ್ಪ ಖರ್ಚಿನಲ್ಲಿ ಹೇಗೆ ತಡೆಯಬಹುದು ಎಂಬ ವಿಷಯಗಳನ್ನು ಇಲ್ಲಿ ವಿಚಾರಿಸಲಾಗಿದೆ.

೧. ರೋಗದ ಸ್ವರೂಪ

ನಾವು ಉಣ್ಣುವ ಅನ್ನ, ಮುದ್ದೆ, ರೊಟ್ಟಿ ಮೊದಲಾದ ಆಹಾರವು ಜೀರ್ಣವಾಗಿ ಸಕ್ಕರೆಯ ರೂಪದಲ್ಲಿ ರಕ್ತವನ್ನು ಸೇರುತ್ತದೆ. ಆ ಸಕ್ಕರೆಯು ಮಾಂಸಖಂಡಗಳೊಳಕ್ಕೆ ಹೋಗಿ ದುಡಿಮೆಗೆ ಶಕ್ತಿಯನ್ನು ಒದಗಿಸಬೇಕಾದರೆ, ಜಠರದ ಹಿಂಭಾಗದಲ್ಲಿರುವ ಮೇದೋಜೀರಕವೆಂಬ ಗ್ರಂಥಿಯಿಂದ ಹುಟ್ಟುವ ಇನ್ಸುಲಿನ್ ಎಂಬ ರಸವು ಅವಶ್ಯಕವು. ಕಾಲುವೆಯಲ್ಲಿ ನೀರು ತುಂಬಿದ್ದರೂ ತೂಬನ್ನು ತೆರೆಯದಿದ್ದರೆ ಗದ್ದೆಯು ಹೇಗೆ ಒಣಗುವುದೋ, ಹಾಗೆಯೇ ಇನ್ಸುಲಿನ್ ಇಲ್ಲದಿದ್ದರೆ ರಕ್ತದಲ್ಲಿ ಸಕ್ಕರೆ ತುಂಬಿದ್ದರೂ ದೇಹವು ಕೃಶವಾಗುತ್ತದೆ. ಮಿಕ್ಕ ಸಕ್ಕರೆಯು ಮೂತ್ರದಲ್ಲಿ ಹೊರಬೀಳುತ್ತದೆ. ಇಂತಹ ಸಿಹಿಮೂತ್ರವನ್ನು ಚರಕ ಸುಶ್ರುತರ ವೈದ್ಯ ಗ್ರಂಥಗಳಲ್ಲಿಯೇ ಹೇಳಿದೆ.

ಈ ರೋಗದಲ್ಲಿ ಮುಖ್ಯವಾಗಿ ಎರಡು ವಿಧಗಳುಂಟು. ಮೊದಲನೆಯ ವಿಧದಲ್ಲಿ ಇನ್ಸುಲಿನ್ ಹುಟ್ಟುವುದು ಹೆಚ್ಚುಕಡಮೆ ನಿಂತೇ ಹೋಗುತ್ತದೆ. ಇದು ಬಹುಮಟ್ಟಿಗೆ ಮಕ್ಕಳಿಗೂ ಎಳೆಯರಿಗೂ ಬರತಕ್ಕದ್ದು. ಮಗುವು ಸಿಹಿ ತಿಂದದ್ದರಿಂದಾಗಲಿ ತಾಯಿತಂದೆಗಳ ತಪ್ಪಿನಿಂದಾಗಲಿ ಬರುವುದಲ್ಲ. ಇವರಿಗೆ ಪ್ರತಿದಿನವೂ ಇನ್ಸುಲಿನ್ ಚುಚ್ಚಲೇಬೇಕು. ಇಲ್ಲವಾದರೆ ಪ್ರಾಣ ಉಳಿಯುವುದಿಲ್ಲ. ಎರಡನೆಯ ವಿಧದಲ್ಲಿ ಇನ್ಸುಲಿನ್ ಇದ್ದರೂ ಅದು ಸಾಲದಾಗುತ್ತದೆ, ಅಥವಾ ದೇಹವು ಅದಕ್ಕೆ ಸರಿಯಾಗಿ ಓಗೊಡುವುದಿಲ್ಲ. ರೋಗಿಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಈ ವಿಧಕ್ಕೆ ಸೇರಿದವರು. ಇದು ವರ್ಷಗಟ್ಟಲೆ ನೋವಿಲ್ಲದೆ ಅಡಗಿರುತ್ತದೆಂಬುದೇ ಇದರ ದೊಡ್ಡ ಅಪಾಯವು.

೨. ರೋಗವು ಹಬ್ಬಿದ ಬಗೆ

೨೦೨೪ನೆಯ ಇಸವಿಯಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಲೆಕ್ಕದ ಪ್ರಕಾರ, ೨೦೨೨ರಲ್ಲಿ ಪ್ರಪಂಚದಲ್ಲಿ ಸುಮಾರು ೮೨ ಕೋಟಿ ೮೦ ಲಕ್ಷ ವಯಸ್ಕರಿಗೆ ಮಧುಮೇಹವಿತ್ತು. ಇದು ೧೯೯೦ರಲ್ಲಿದ್ದುದಕ್ಕಿಂತ ಸುಮಾರು ೬೩ ಕೋಟಿ ಹೆಚ್ಚು. ಮೂವತ್ತು ವರ್ಷ ಮೀರಿದ ರೋಗಿಗಳಲ್ಲಿ ೪೪ ಕೋಟಿಗೂ ಮಿಕ್ಕವರು ಯಾವ ಔಷಧಿಯನ್ನೂ ಪಡೆಯುತ್ತಿರಲಿಲ್ಲವೆಂದು ಅದೇ ಲೆಕ್ಕದಿಂದ ತಿಳಿದುಬರುತ್ತದೆ.

ನಮ್ಮ ದೇಶದ ಸ್ಥಿತಿಯನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯವರು ಪ್ರಾಂತಪ್ರಾಂತಗಳಲ್ಲಿ ತನಿಖೆ ಮಾಡಿಸಿ ೨೦೨೩ರಲ್ಲಿ ಪ್ರಕಟಿಸಿದರು. ೨೦೨೧ರ ಜನಸಂಖ್ಯೆಗೆ ಅನ್ವಯಿಸಿ ನೋಡಲಾಗಿ ಮಧುಮೇಹಿಗಳು ಸುಮಾರು ೧೦ ಕೋಟಿ ೧೦ ಲಕ್ಷ. ರೋಗದ ಅಂಚಿನಲ್ಲಿರುವವರು ಸುಮಾರು ೧೩ ಕೋಟಿ ೬೦ ಲಕ್ಷ. ಪಟ್ಟಣಗಳಲ್ಲಿ ನೂರಕ್ಕೆ ಹದಿನಾರು ಮಂದಿಗೆ ರೋಗವಿದ್ದರೆ ಹಳ್ಳಿಗಳಲ್ಲಿ ಒಂಬತ್ತು ಮಂದಿಗೆ ಇರುವುದಾಗಿ ಕಂಡುಬಂದಿದೆ. ಇದನ್ನು ನೋಡಿ ಹಳ್ಳಿಯವರು ಸಮಾಧಾನಪಡುವಂತಿಲ್ಲ. ರೋಗದ ಅಂಚಿನಲ್ಲಿರುವವರ ಸಂಖ್ಯೆಯು ಪಟ್ಟಣಗಳಲ್ಲಿಯೂ ಹಳ್ಳಿಗಳಲ್ಲಿಯೂ ಹೆಚ್ಚುಕಡಮೆ ಒಂದೇ ಆಗಿದೆ, ಅಂದರೆ ನೂರಕ್ಕೆ ಸುಮಾರು ಹದಿನೈದು. ಪಕ್ಕದ ಹೊಲಕ್ಕೆ ಬಂದ ಹುಳುವು ನಮ್ಮ ಬದುವಿನಲ್ಲಿ ಈಗಾಗಲೇ ಮೊಟ್ಟೆಯಿಟ್ಟಿದೆಯೆಂದೇ ಇದರ ಅರ್ಥ.

ಇದಕ್ಕೆ ಕಾರಣಗಳು ಹಲವು. ಜನರ ಆಯುಸ್ಸು ಹೆಚ್ಚಿದೆ. ವಂಶದಿಂದ ಬರುವ ಗುಣವೂ ಉಂಟು. ನಮ್ಮ ದೇಶದವರಿಗೆ ಮೈ ಅಷ್ಟಾಗಿ ದಪ್ಪವಿಲ್ಲದಿದ್ದರೂ ಹೊಟ್ಟೆಯ ಭಾಗದಲ್ಲಿ ಕೊಬ್ಬು ಶೇಖರವಾಗಿ ರೋಗವು ಬೇಗನೆ ಬರುತ್ತದೆ. ಇವುಗಳ ಜೊತೆಗೆ ಬಾಳಿನ ಕ್ರಮವೂ ಬದಲಾಯಿಸಿದೆ. ಎತ್ತು ಕಟ್ಟಿ ಉಳುತ್ತಿದ್ದ ಕಡೆ ಟ್ರಾಕ್ಟರು ಬಂದಿದೆ. ಸಂತೆಗೆ ನಡೆದು ಹೋಗುತ್ತಿದ್ದವರು ಮೋಟಾರು ಸೈಕಲ್ಲಿನಲ್ಲಿ ಹೋಗುತ್ತಾರೆ. ದುಡಿಮೆಯು ಅರ್ಧಕ್ಕೆ ಇಳಿದರೂ ತಟ್ಟೆಯ ಅಳತೆಯು ಇಳಿದಿಲ್ಲ. ಪಾಲಿಶ್ ಮಾಡಿದ ಅಕ್ಕಿಯೂ ಮೈದಾ ಹಿಟ್ಟಿನ ತಿಂಡಿಗಳೂ ಸಕ್ಕರೆ ಬೆರೆತ ಪಾನೀಯಗಳೂ ಸೇರಿಕೊಂಡಿವೆ. ಕೂಲಿಯಾಳುಗಳಿಂದ ಕೆಲಸ ಮಾಡಿಸಿ ತಾವು ಜಗಲಿಯ ಮೇಲೆ ಕುಳಿತು ಲೆಕ್ಕ ನೋಡತಕ್ಕ ಜಮೀನುದಾರರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು.

೩. ಇನ್ಸುಲಿನ್ನಿನ ಚರಿತ್ರೆ

ಕೆನಡಾ ದೇಶದ ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ ಮೆಕ್ಲಿಯಡ್ ಎಂಬ ಪ್ರಾಧ್ಯಾಪಕರ ಪ್ರಯೋಗಶಾಲೆಯಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ೧೯೨೧ರಲ್ಲಿ ಪ್ರಾಣಿಗಳ ಮೇದೋಜೀರಕದಿಂದ ಈ ರಸವನ್ನು ತೆಗೆದರು. ಕಾಲಿಪ್ ಎಂಬ ರಸಾಯನಜ್ಞರು ಅದನ್ನು ಶುದ್ಧಿಮಾಡಿದರು. ೧೯೨೨ರ ಜನವರಿಯಲ್ಲಿ ಹದಿನಾಲ್ಕು ವರ್ಷದ ಲೆನರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಅದನ್ನು ಚುಚ್ಚಲಾಗಿ, ಸಾವಿನ ಅಂಚಿನಲ್ಲಿದ್ದ ಅವನು ಚೇತರಿಸಿಕೊಂಡನು. ಅದಕ್ಕೆ ಮುಂಚೆ ಇಂತಹ ಮಕ್ಕಳಿಗೆ ಅರೆಹೊಟ್ಟೆಯ ಪಥ್ಯವೊಂದೇ ಚಿಕಿತ್ಸೆಯಾಗಿತ್ತು. ಅದರಿಂದ ಸಾವು ಸ್ವಲ್ಪ ಕಾಲ ಮುಂದಕ್ಕೆ ಹೋಗುತ್ತಿತ್ತೇ ಹೊರತು ತಪ್ಪುತ್ತಿರಲಿಲ್ಲ.

ಕಂಡುಹಿಡಿದವರು ತಮ್ಮ ಪೇಟೆಂಟ್ ಹಕ್ಕನ್ನು ೧೯೨೩ರಲ್ಲಿ ತಲಾ ಒಂದು ಡಾಲರಿಗೆ ವಿಶ್ವವಿದ್ಯಾನಿಲಯಕ್ಕೆ ಬಿಟ್ಟುಕೊಟ್ಟರು. ಯಾರೊಬ್ಬರೂ ಇದನ್ನು ತಮ್ಮ ಸ್ವಂತ ಸೊತ್ತಾಗಿ ಮಾಡಿಕೊಳ್ಳಬಾರದೆಂಬುದು ಅವರ ಉದ್ದೇಶವಾಗಿತ್ತು. ಮೊದಲು ಇನ್ಸುಲಿನ್ನನ್ನು ಕಸಾಯಿಖಾನೆಗಳಲ್ಲಿ ದೊರೆಯುತ್ತಿದ್ದ ದನ ಮತ್ತು ಹಂದಿಗಳ ಗ್ರಂಥಿಗಳಿಂದ ತೆಗೆಯುತ್ತಿದ್ದರು. ಅನಂತರ ಮಾನವ ಇನ್ಸುಲಿನ್ನಿನ ಬೀಜಗುಣವನ್ನು ಸೂಕ್ಷ್ಮಜೀವಿಗಳಲ್ಲಿ ಸೇರಿಸಿ, ಅವುಗಳಿಂದಲೇ ಅದನ್ನು ಬೆಳೆಸುವ ಕ್ರಮವು ಬಂದಿತು. ಇಂತಹ ಇನ್ಸುಲಿನ್ನಿಗೆ ಅಮೇರಿಕದಲ್ಲಿ ೧೯೮೨ರಲ್ಲಿ ಅನುಮತಿ ದೊರೆಯಿತು.

ಉದ್ದೇಶವು ಹೀಗಿದ್ದರೂ ವ್ಯಾಪಾರವು ಬೇರೆ ದಾರಿ ಹಿಡಿಯಿತು. ಅಮೇರಿಕದ ಈಲೈ ಲಿಲ್ಲಿ, ಡೆನ್ಮಾರ್ಕಿನ ನೋವೋ ನಾರ್ಡಿಸ್ಕ್, ಫ್ರಾನ್ಸಿನ ಸನೋಫಿ ಎಂಬ ಮೂರು ಕಂಪೆನಿಗಳ ಕೈಯಲ್ಲಿಯೇ ಪ್ರಪಂಚದ ಇನ್ಸುಲಿನ್ ವ್ಯಾಪಾರದ ಬಹುಭಾಗವು ಸೇರಿತು. ಇನ್ಸುಲಿನ್ನಿನ ರಚನೆಯನ್ನು ಅಲ್ಪಸ್ವಲ್ಪ ಮಾರ್ಪಡಿಸಿದ ಹೊಸ ಬಗೆಗಳಿಗೆ ಹೊಸ ಪೇಟೆಂಟುಗಳು ಬಂದುವು. ಮಧ್ಯವರ್ತಿಗಳ ಪಾಲೂ ಸೇರಿತು. ಇದರ ಪರಿಣಾಮವಾಗಿ ಅಮೇರಿಕದಲ್ಲಿ ಹ್ಯುಮಲಾಗ್ ಎಂಬ ಇನ್ಸುಲಿನ್ ಸೀಸೆಯೊಂದರ ಬೆಲೆಯು ೧೯೯೬ರಲ್ಲಿ ೨೧ ಡಾಲರ್ ಇದ್ದದ್ದು ೨೦೧೯ರ ವೇಳೆಗೆ ಸುಮಾರು ೨೭೫ ಡಾಲರಿಗೆ ಏರಿತು. ಆ ಶ್ರೀಮಂತ ದೇಶದಲ್ಲಿಯೂ ಬೆಲೆಗೆ ಅಂಜಿ ಔಷಧಿಯನ್ನು ಕಡಮೆಮಾಡಿಕೊಂಡವರುಂಟು. ಜನರ ಆಕ್ಷೇಪಣೆಯು ಬಲವಾದ ಮೇಲೆ ೨೦೨೩ರಲ್ಲಿ ಈ ಕಂಪೆನಿಗಳು ಹಳೆಯ ಬಗೆಗಳ ಬೆಲೆಯನ್ನು ಬಹಳವಾಗಿ ಇಳಿಸುವುದಾಗಿ ಪ್ರಕಟಿಸಿದುವು.

ನಮ್ಮ ದೇಶದಲ್ಲಿ ಮಾನವ ಇನ್ಸುಲಿನ್ನಿನ ಬೆಲೆಗೆ ಸರ್ಕಾರದವರು ಮಿತಿ ಕಟ್ಟಿರುವುದರಿಂದ ಪರಿಸ್ಥಿತಿಯು ಇಷ್ಟು ವಿಷಮವಾಗಿಲ್ಲ. ಬೆಂಗಳೂರಿನ ಬಯೋಕಾನ್ ಕಂಪೆನಿಯು ೨೦೦೪ರಲ್ಲಿ ಮಾನವ ಇನ್ಸುಲಿನ್ನನ್ನು ಮಾರಾಟಕ್ಕೆ ತಂದಿತು. ತಯಾರಿಸುವವರ ಸಂಖ್ಯೆ ಹೆಚ್ಚಿದಷ್ಟೂ ಕೊಳ್ಳುವವನಿಗೆ ಅನುಕೂಲವೆಂಬುದನ್ನು ಬೆಳೆ ಮಾರಿ ಅನುಭವವುಳ್ಳ ರೈತರಿಗೆ ವಿವರಿಸಬೇಕಾಗಿಲ್ಲ.

೪. ಮೇವಿನ ಗಿಡದಿಂದ ಬಂದ ಮಾತ್ರೆ

ಎರಡನೆಯ ವಿಧದ ರೋಗಕ್ಕೆ ವೈದ್ಯರು ಸಾಮಾನ್ಯವಾಗಿ ಮೊದಲು ಕೊಡುವ ಮಾತ್ರೆಯು ಮೆಟ್‌ಫಾರ್ಮಿನ್. ಇದರ ಮೂಲವು ಕೃಷಿಕರಿಗೆ ಸ್ವಾರಸ್ಯವಾಗಿ ತೋರಬಹುದು. ಯೂರೋಪಿನಲ್ಲಿ ಗಲೀಗ ಎಂಬ, ಅವರೆ ಹುರುಳಿಗಳ ಜಾತಿಗೆ ಸೇರಿದ ಗಿಡವೊಂದುಂಟು. ಅದನ್ನು ೧೮೯೧ರಲ್ಲಿ ಅಮೇರಿಕದ ಯೂಟಾ ಪ್ರಾಂತಕ್ಕೆ ಮೇವಿನ ಬೆಳೆಯಾಗಿ ತಂದರು. ಆದರೆ ಅದು ದನಕುರಿಗಳಿಗೆ ವಿಷವೆಂದು ಕಂಡುಬಂದು, ಕೊನೆಗೆ ಕಳೆಯೆಂದು ಕೀಳಿಸಬೇಕಾಯಿತು. ಆ ಗಿಡದಲ್ಲಿರುವ ಒಂದು ಪದಾರ್ಥಕ್ಕೆ ರಕ್ತದ ಸಕ್ಕರೆಯನ್ನು ಇಳಿಸುವ ಗುಣವಿದೆ. ಅದಕ್ಕೆ ಸಂಬಂಧಪಟ್ಟ, ಆದರೆ ಹೆಚ್ಚು ನಿರಪಾಯವಾದ ಮೆಟ್‌ಫಾರ್ಮಿನ್ನನ್ನು ರಸಾಯನಜ್ಞರು ೧೯೨೨ರಲ್ಲಿಯೇ ತಯಾರಿಸಿದ್ದರು. ಫ್ರಾನ್ಸಿನ ಸ್ಟರ್ನ್ ಎಂಬ ವೈದ್ಯರು ೧೯೫೭ರಲ್ಲಿ ಅದರ ಉಪಯೋಗವನ್ನು ಪ್ರಕಟಿಸಿದರು. ಇದರ ಪೇಟೆಂಟ್ ಕಾಲವು ಎಂದೋ ತೀರಿಹೋಗಿರುವುದರಿಂದ ಅನೇಕರು ತಯಾರಿಸುತ್ತಾರೆ, ಬೆಲೆಯು ಅತ್ಯಲ್ಪ. ಸರ್ಕಾರಿ ಆಸ್ಪತ್ರೆಗಳಲ್ಲಿ ಧರ್ಮಾರ್ಥವಾಗಿಯೂ, ಜನೌಷಧಿ ಅಂಗಡಿಗಳಲ್ಲಿ ಕಡಮೆ ಕ್ರಯಕ್ಕೂ ದೊರೆಯುತ್ತದೆ.

೫. ಹೊಸ ಔಷಧಿಗಳು

ಈಚೆಗೆ ಬಂದಿರುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಮೊದಲಾದ ಚುಚ್ಚುಮದ್ದುಗಳು ಸಕ್ಕರೆಯನ್ನು ಇಳಿಸುವುದಲ್ಲದೆ ಹಸಿವನ್ನು ತಗ್ಗಿಸಿ ಮೈತೂಕವನ್ನೂ ಇಳಿಸುತ್ತವೆ. ಈ ವರ್ಗದಲ್ಲಿ ಮೊದಲನೆಯದಕ್ಕೆ ೨೦೦೫ರಲ್ಲಿ ಅನುಮತಿ ದೊರೆಯಿತು. ಅದರ ಮೂಲವು ಅಮೇರಿಕದ ಮರುಭೂಮಿಯಲ್ಲಿರುವ ಒಂದು ವಿಷದ ಹಲ್ಲಿಯ ಜೊಲ್ಲಿನಲ್ಲಿ ಕಂಡ ಪದಾರ್ಥವು. ತೂಕ ಇಳಿಸಿಕೊಳ್ಳಬೇಕೆಂಬವರೂ ಇವುಗಳಿಗಾಗಿ ಮುಗಿಬಿದ್ದುದರಿಂದ ಮಾರಾಟವು ಎಷ್ಟು ಬೆಳೆಯಿತೆಂದರೆ, ೨೦೨೩ರಲ್ಲಿ ನೋವೋ ನಾರ್ಡಿಸ್ಕ್ ಕಂಪೆನಿಯ ಷೇರುಗಳ ಒಟ್ಟು ಬೆಲೆಯು ಡೆನ್ಮಾರ್ಕ್ ದೇಶದ ವಾರ್ಷಿಕ ಉತ್ಪತ್ತಿಯ ಮೌಲ್ಯವನ್ನೇ ಮೀರಿತು. ೨೦೨೪ರಲ್ಲಿ ಪ್ರಪಂಚದಲ್ಲಿ ಮಧುಮೇಹಕ್ಕಾಗಿ ಆದ ವೈದ್ಯದ ಖರ್ಚು ಒಂದು ಲಕ್ಷ ಕೋಟಿ ಡಾಲರಿಗೂ ಮಿಕ್ಕಿದೆಯೆಂದು ಅಂದಾಜು.

ಈ ಹೊಸ ಔಷಧಿಗಳು ಗುಣವುಳ್ಳವೇ. ತಕ್ಕ ರೋಗಿಗೆ ವೈದ್ಯರು ಹೇಳಿದರೆ ಉಪಯೋಗಿಸತಕ್ಕವೇ. ಆದರೆ ಬೆಲೆ ಹೆಚ್ಚಿದ ಔಷಧಿಯೇ ಎಲ್ಲರಿಗೂ ಮೇಲೆಂದು ಭಾವಿಸುವುದು ತಪ್ಪು. ವರ್ಷವೆಲ್ಲ ತಪ್ಪದೆ ತೆಗೆದುಕೊಂಡ ಅಗ್ಗದ ಮಾತ್ರೆಯಿಂದಾಗುವ ಉಪಕಾರವು, ಎರಡು ತಿಂಗಳು ಕೊಂಡು ಹಣ ಸಾಲದೆ ನಿಲ್ಲಿಸಿದ ದುಬಾರಿ ಔಷಧಿಯಿಂದ ಆಗಲಾರದು.

೬. ಗ್ರಾಮದಲ್ಲಿ ಆಗುವ ನಷ್ಟ

ರೈತನ ಕುಟುಂಬವು ಕೆಡುವುದು ಮಾತ್ರೆಯ ಖರ್ಚಿನಿಂದಲ್ಲ. ರೋಗವನ್ನು ತಡವಾಗಿ ಕಂಡುಕೊಳ್ಳುವುದರಿಂದ. ಗಮನಿಸದೆ ಬಿಟ್ಟ ಸಕ್ಕರೆಯು ಕಣ್ಣು, ಮೂತ್ರಪಿಂಡ, ಹೃದಯ ಮತ್ತು ನರಗಳನ್ನು ಒಳಗೊಳಗೇ ಕೆಡಿಸುತ್ತದೆ. ಮೂತ್ರಪಿಂಡಗಳು ನಿಂತರೆ ವಾರಕ್ಕೆ ಎರಡು ಮೂರು ಸಲ ಯಂತ್ರದಿಂದ ರಕ್ತವನ್ನು ಶೋಧಿಸಬೇಕಾಗಿ, ಪಟ್ಟಣಕ್ಕೆ ಓಡಾಡುವುದರಲ್ಲಿಯೇ ಮನೆಯವರೊಬ್ಬರ ದುಡಿಮೆಯು ಮುಗಿದುಹೋಗುತ್ತದೆ. ಒಡವೆಯೂ ಜಮೀನೂ ಒತ್ತೆ ಬೀಳುತ್ತವೆ. ಪಾದದ ನರಗಳು ಸತ್ತರೆ ಮುಳ್ಳು ಚುಚ್ಚಿದರೂ ಅರಿವಾಗುವುದಿಲ್ಲ. ಬರಿಗಾಲಿನಲ್ಲಿ ಗದ್ದೆಗೆ ಇಳಿಯುವವನ ಪಾದದಲ್ಲಿ ಆದ ಸಣ್ಣ ಹುಣ್ಣು ಕೊಳೆತು, ಕಡೆಗೆ ಕಾಲನ್ನೇ ತೆಗೆಯಬೇಕಾದೀತು. ಒಂದು ಜೊತೆ ಚಪ್ಪಲಿಯ ಕ್ರಯವನ್ನು ಉಳಿಸಹೋಗಿ ಕಾಲನ್ನು ಕಳೆದುಕೊಂಡಂತಾಗುತ್ತದೆ.

ಇದಲ್ಲದೆ, ರೋಗವನ್ನು ಬುಡಸಹಿತ ಕೀಳುತ್ತೇವೆಂದು ಹೇಳಿ ಚೂರ್ಣ ಕಷಾಯಗಳನ್ನು ಮಾರತಕ್ಕವರೂ ಸಂತೆ ಜಾತ್ರೆಗಳಲ್ಲಿ ಇದ್ದಾರೆ. ಇಂತಹ ಕೆಲವು ಪುಡಿಗಳಲ್ಲಿ ಇಂಗ್ಲಿಷ್ ಔಷಧಿಯನ್ನೇ ಗುಟ್ಟಾಗಿ ಬೆರೆಸಿದ್ದುದು ಪರೀಕ್ಷೆಗಳಿಂದ ಹೊರಬಿದ್ದಿದೆ. ಅವರ ಮಾತನ್ನು ನಂಬಿ ಮೊದಲನೆಯ ವಿಧದ ರೋಗವುಳ್ಳ ಮಗುವಿಗೆ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಾಪಾಯವಾಗುತ್ತದೆ.

೭. ಮುಖಂಡರೂ ಜಮೀನುದಾರರೂ ಮಾಡತಕ್ಕ ಕೆಲಸ

(೧) ಮೂವತ್ತು ವರ್ಷ ಮೀರಿದವರೆಲ್ಲರೂ ರಕ್ತಪರೀಕ್ಷೆ ಮಾಡಿಸಿಕೊಳ್ಳುವಂತೆ ಏರ್ಪಡಿಸತಕ್ಕದ್ದು. ಆರೋಗ್ಯ ಉಪಕೇಂದ್ರಗಳಲ್ಲಿ ಇದಕ್ಕೆ ಖರ್ಚಿಲ್ಲ. ಮನೆಮನೆಗೆ ಹೋಗಿ ಪರೀಕ್ಷಿಸುವ ಗೃಹ ಆರೋಗ್ಯ ಯೋಜನೆಯು ೨೦೨೪ರಲ್ಲಿ ಕೋಲಾರ ಜಿಲ್ಲೆಯಲ್ಲಿ ಆರಂಭವಾಯಿತು. ರಾತ್ರಿ ಉಪವಾಸವಿದ್ದು ಬೆಳಿಗ್ಗೆ ಪರೀಕ್ಷಿಸಿದಾಗ ಸಕ್ಕರೆಯು ೧೨೬ ಅಥವಾ ಅದಕ್ಕೆ ಮೇಲ್ಪಟ್ಟಿದ್ದರೆ ಮಧುಮೇಹವೆಂದು ಶಂಕಿಸಿ, ವೈದ್ಯರಿಂದ ಮತ್ತೊಮ್ಮೆ ಪರೀಕ್ಷೆ ಮಾಡಿಸತಕ್ಕದ್ದು. ಮುಖಂಡರು ತಾವೇ ಮೊದಲು ಪರೀಕ್ಷೆಗೆ ಕೈನೀಡಿದರೆ ಉಳಿದವರ ಸಂಕೋಚವು ಹೋಗುತ್ತದೆ.

(೨) ರೋಗದ ಅಂಚಿನಲ್ಲಿರುವವರು ನಿರಾಶರಾಗಬೇಕಾಗಿಲ್ಲ. ಮಿತಾಹಾರ, ತೂಕ ಇಳಿಸುವುದು, ವಾರಕ್ಕೆ ನೂರೈವತ್ತು ನಿಮಿಷಗಳಷ್ಟು ಚುರುಕಾದ ನಡಿಗೆ, ಇವುಗಳಿಂದ ರೋಗವು ಬರುವುದು ನೂರಕ್ಕೆ ೫೮ ಪಾಲು ಕಡಮೆಯಾಯಿತೆಂದೂ, ಮೆಟ್‌ಫಾರ್ಮಿನ್ನಿನಿಂದ ೩೧ ಪಾಲು ಕಡಮೆಯಾಯಿತೆಂದೂ ೨೦೦೨ರಲ್ಲಿ ಅಮೇರಿಕದ ಪ್ರಯೋಗದಿಂದ ಗೊತ್ತಾಯಿತು. ೨೦೦೬ರಲ್ಲಿ ಪ್ರಕಟವಾದ ಚೆನ್ನೈ ನಗರದ ವೈದ್ಯರ ಪ್ರಯೋಗದಲ್ಲಿಯೂ ಆಹಾರ ವ್ಯಾಯಾಮಗಳಿಂದ ಸುಮಾರು ೨೮ ಪಾಲು ಕಡಮೆಯಾಯಿತು.

(೩) ರಾಗಿಯನ್ನು ತಿನ್ನುವವರಿಗೆ ಈ ರೋಗವು ಬರುವುದಿಲ್ಲವೆಂಬ ನಂಬಿಕೆಯು ಸರಿಯಲ್ಲ. ರಾಗಿಯಲ್ಲಿ ನಾರೂ ಸುಣ್ಣದ ಅಂಶವೂ ಹೆಚ್ಚಾಗಿರುವುದು ನಿಜ. ಆದರೆ ಎರಡು ದೊಡ್ಡ ಮುದ್ದೆಗಳಿಂದಲೂ ಸಕ್ಕರೆ ಏರುತ್ತದೆ. ಧಾನ್ಯದ ಅಳತೆಯನ್ನು ತಗ್ಗಿಸಿ ಕಾಳು, ಸೊಪ್ಪು, ತರಕಾರಿಗಳನ್ನು ಹೆಚ್ಚಿಸುವುದೇ ಸರಿಯಾದ ಕ್ರಮವು.

(೪) ರೋಗವುಳ್ಳವರು ಹೊಲದಲ್ಲಿ ಪಾದರಕ್ಷೆಗಳನ್ನು ಧರಿಸಿ, ಪ್ರತಿ ರಾತ್ರಿ ಪಾದಗಳನ್ನು ತೊಳೆದು ಬೆರಳ ಸಂದುಗಳನ್ನು ನೋಡಿಕೊಳ್ಳತಕ್ಕದ್ದು. ವರ್ಷಕ್ಕೊಮ್ಮೆ ಕಣ್ಣು ಮತ್ತು ಮೂತ್ರವನ್ನು ಪರೀಕ್ಷಿಸಿಕೊಳ್ಳತಕ್ಕದ್ದು.

(೫) ಇನ್ಸುಲಿನ್ನನ್ನಾಗಲಿ ಸಕ್ಕರೆ ಇಳಿಸುವ ಕೆಲವು ಮಾತ್ರೆಗಳನ್ನಾಗಲಿ ತೆಗೆದುಕೊಂಡು ಊಟವಿಲ್ಲದೆ ದುಡಿದರೆ ಬೆವರು, ನಡುಕ, ಮಂಕು ಕವಿಯುವುದುಂಟು. ಎಚ್ಚರವಿರುವಾಗಲೇ ಸಕ್ಕರೆಯನ್ನಾಗಲಿ ಬೆಲ್ಲದ ನೀರನ್ನಾಗಲಿ ಕೊಡತಕ್ಕದ್ದು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯತಕ್ಕದ್ದು. ಆಳುಗಳಲ್ಲಿ ಇಂತಹ ರೋಗಿಗಳಿದ್ದರೆ ಅವರಿಗೆ ಊಟದ ಹೊತ್ತು ತಪ್ಪದಂತೆ ನೋಡಿಕೊಳ್ಳುವುದು ಜಮೀನುದಾರರ ಧರ್ಮವು.

(೬) ಇನ್ಸುಲಿನ್ ಸೀಸೆಯು ಬಿಸಿಲಿಗೂ ಬೀಳಬಾರದು, ಹೆಪ್ಪುಗಟ್ಟಲೂಬಾರದು. ತಣ್ಣನೆಯ ಪೆಟ್ಟಿಗೆಯಿಲ್ಲದ ಮನೆಗಳಲ್ಲಿ ಒದ್ದೆ ಮರಳಿನ ನಡುವೆ ಇಟ್ಟ ಮಣ್ಣಿನ ಕುಡಿಕೆಯಲ್ಲಿ, ನೀರು ತಾಕದಂತೆ ಕಾಪಾಡಬಹುದು.

ಇನ್ಸುಲಿನ್ನನ್ನು ಕಂಡುಹಿಡಿದವರು ಅದನ್ನು ಒಂದು ಡಾಲರಿಗೆ ಬಿಟ್ಟುಕೊಟ್ಟು ನೂರು ವರ್ಷ ಕಳೆದರೂ, ಔಷಧಿಯು ತಲುಪದಿರುವ ರೋಗಿಗಳು ಕೋಟಿಗಟ್ಟಲೆ ಇದ್ದಾರೆ. ಪ್ರಪಂಚದ ಪೇಟೆಯನ್ನು ತಿದ್ದುವುದು ಒಂದು ಹಳ್ಳಿಯ ಕೈಲಾಗುವ ಕೆಲಸವಲ್ಲ. ಆದರೆ ತನ್ನ ಊರಿನಲ್ಲಿ ಯಾರಿಗೆ ರೋಗವಿದೆ, ಯಾರು ಮಾತ್ರೆಯನ್ನು ನಿಲ್ಲಿಸಿದ್ದಾರೆ, ಯಾವ ಮನೆಯ ಮಗುವಿಗೆ ಇನ್ಸುಲಿನ್ ತೀರಿದೆ ಎಂಬುದನ್ನು ತಿಳಿದುಕೊಳ್ಳುವುದು ಪ್ರತಿಯೊಬ್ಬ ಮುಖಂಡನ ಕೈಲಾಗುತ್ತದೆ. ಈ ಲೇಖನವನ್ನು ಮುಂದಿನ ಗ್ರಾಮಸಭೆಯಲ್ಲಿ ಓದಿಸಿ, ಪರೀಕ್ಷೆಯ ದಿನವೊಂದನ್ನು ಅಲ್ಲಿಯೇ ಗೊತ್ತುಮಾಡಬೇಕೆಂದು ಕೋರಲಾಗಿದೆ.