ಪ್ರಚಾರದ ಮಾತನ್ನು ಪರೀಕ್ಷಿಸುವ ಕ್ರಮ

1943ರ ಫೆಬ್ರವರಿ ತಿಂಗಳಲ್ಲಿ, ಪುಣೆಯ ನಗರ ರಸ್ತೆಯ ಆಗಾಖಾನ್ ಅರಮನೆಯಲ್ಲಿ ಬಂದಿಯಾಗಿದ್ದ ಗಾಂಧೀಜಿ ಇಪ್ಪತ್ತೊಂದು ದಿನಗಳ ಉಪವಾಸವನ್ನು ಕೈಗೊಂಡಿದ್ದ ಕಾಲಕ್ಕೆ ಸರಿಯಾಗಿ, ದಿಲ್ಲಿಯ ಸರಕಾರವು ಒಂದು ಪುಸ್ತಿಕೆಯನ್ನು ಪ್ರಕಟಿಸಿತು. ಹಿಂದಿನ ಆಗಸ್ಟಿನಿಂದೀಚೆಗೆ ದೇಶದಲ್ಲುಂಟಾದ ಕ್ಷೋಭೆಗೆಲ್ಲ ಕಾಂಗ್ರೆಸ್ಸೇ ಹೊಣೆ, ಅದರಲ್ಲಿಯೂ ಗಾಂಧೀಜಿಯೇ ಮೂಲಕಾರಣ ಎಂದು ಸ್ಥಾಪಿಸುವುದು ಅದರ ಉದ್ದೇಶವಾಗಿತ್ತು. ಗೃಹ ಇಲಾಖೆಯ ಅಧಿಕಾರಿ ರಿಚರ್ಡ್ ಟಾಟನ್‌ಹ್ಯಾಮ್ ಅವರ ಹೆಸರು ಅದಕ್ಕೆ ಅಂಟಿಕೊಂಡಿದೆ. ಅದರ ಬಲವು ಕಲ್ಪಿತ ಕಥೆಗಳಲ್ಲಿರಲಿಲ್ಲ. ಗಾಂಧೀಜಿಯವರ ಲೇಖನ, ಭಾಷಣ, ಸಂದರ್ಶನಗಳಿಂದ ಆಯ್ದ ವಾಕ್ಯಗಳನ್ನೇ ಅವು ಹುಟ್ಟಿದ ಸ್ಥಳದಿಂದ ಕಿತ್ತು, ನಡುನಡುವೆ ಸರಕಾರದ ವ್ಯಾಖ್ಯಾನವನ್ನು ಸೇರಿಸಿ, ಓದುಗನು ಒಂದೇ ತೀರ್ಮಾನಕ್ಕೆ ಬರುವ ಹಾಗೆ ಸಾಲಾಗಿ ನಿಲ್ಲಿಸಿದ್ದರು. ಯಾರ ಮೇಲೆ ಆರೋಪವೋ ಅವರು ಸೆರೆಯಲ್ಲಿದ್ದರು. ಅವರ ‘ಹರಿಜನ’ ಪತ್ರಿಕೆ ನಿಂತುಹೋಗಿತ್ತು.

ಉಪವಾಸ ಮುಗಿದ ಮೇಲೆ ಗಾಂಧೀಜಿ ಆ ಪುಸ್ತಿಕೆಯನ್ನು ತರಿಸಿಕೊಂಡು ಓದಿದರು. ಜುಲೈ 15ರಂದು ಅವರು ಸರಕಾರಕ್ಕೆ ಬರೆದ ಸುದೀರ್ಘ ಉತ್ತರದಲ್ಲಿ ಕೋಪದ ಮಾತಿಗಿಂತ ಶ್ರಮದ ಕೆಲಸವೇ ಹೆಚ್ಚು. ಉದ್ಧೃತವಾದ ವಾಕ್ಯ ಇದು, ಅದು ಬಂದ ಮೂಲ ಇದು, ಅದರ ಹಿಂದೆ ಮುಂದೆ ಇದ್ದ ಮಾತುಗಳು ಇವು ಎಂದು ಅಕ್ಕಪಕ್ಕದಲ್ಲಿ ಇಟ್ಟು, ಪರಿಶಿಷ್ಟಗಳಲ್ಲಿ ಮೂಲಲೇಖನಗಳ ಭಾಗಗಳನ್ನೇ ಜೋಡಿಸಿ ಕಳುಹಿಸಿದರು.

ಒಂದು ವಾಕ್ಯವನ್ನು ಹತ್ತಿರದಿಂದ ನೋಡಬೇಕು. 1942ರ ಜುಲೈ 14ರಂದು ವರ್ಧಾದಲ್ಲಿ ಪತ್ರಕರ್ತರೊಡನೆ ಮಾತನಾಡುತ್ತ ಗಾಂಧೀಜಿ, ಬ್ರಿಟಿಷರು ಹಿಂದೆಗೆಯಬೇಕೆಂಬ ಸೂಚನೆಯಲ್ಲಿ ಸಂಧಾನಕ್ಕೆ ಎಡೆಯಿಲ್ಲವೆಂದೂ, ಅವರು ಸ್ವಾತಂತ್ರ್ಯವನ್ನು ಒಪ್ಪಿಕೊಂಡರೆ ಆಮೇಲೆ ಅನೇಕ ವಿಷಯಗಳು ಸಾಧ್ಯವಾಗುವವೆಂದೂ ಹೇಳಿದ್ದರು. ಸುದ್ದಿಸಂಸ್ಥೆಯೊಂದರ ಸಂಕ್ಷಿಪ್ತ ವರದಿಯನ್ನು ನೆಚ್ಚಿದ ಪುಸ್ತಿಕೆಯಲ್ಲಾದರೋ, ಆ ಸೂಚನೆಯಲ್ಲಿ ಹಿಂದೆಗೆಯುವುದಕ್ಕಾಗಲಿ ಸಂಧಾನಕ್ಕಾಗಲಿ ಎಡೆಯಿಲ್ಲವೆಂದು ಅಚ್ಚಾಯಿತು. ಒಂದು ಪದವು ತನ್ನ ಸ್ಥಾನದಿಂದ ಸ್ವಲ್ಪ ಸರಿಯಿತು, ಅಷ್ಟೆ. ಹಿಂದೆಗೆಯಬೇಕಾದವರು ಬ್ರಿಟಿಷರು ಎಂಬ ಮಾತು, ಹಿಂದೆಗೆಯಲೊಲ್ಲದವರು ಗಾಂಧೀಜಿ ಎಂಬಂತೆ ತಿರುಗಿ ನಿಂತಿತು. ಒಪ್ಪಿಗೆಯ ಅನಂತರ ಏನೇನು ಸಾಧ್ಯವೆಂಬ ಭಾಗ ಬಿಟ್ಟುಹೋಯಿತು. ಅಂದು ಗಾಂಧೀಜಿ ಆಡಿದ್ದ ಬಹಿರಂಗ ದಂಗೆ ಎಂಬ ಮಾತು ಮಾತ್ರ ಬಿಡದೆ ಉಳಿಯಿತು.

ಪ್ರಚಾರವೆಂದರೆ ಸುಳ್ಳು ಎಂದು ನಂಬಿ, ಸುಳ್ಳನ್ನು ಹುಡುಕಲು ಹೊರಟ ಓದುಗನು ಬಹುಮಟ್ಟಿಗೆ ಬರಿಗೈಯಲ್ಲಿ ಮರಳುತ್ತಾನೆ. ಏಕೆಂದರೆ ನಿಪುಣವಾದ ಪ್ರಚಾರವು ಸುಳ್ಳನ್ನು ಹೇಳುವುದಕ್ಕಿಂತ ನಿಜದಿಂದ ಏನನ್ನಾದರೂ ಕಳಚಿಡುವುದನ್ನೇ ಹೆಚ್ಚು ಆಶ್ರಯಿಸುತ್ತದೆ. ಆದುದರಿಂದ ಓದುಗನ ಕೆಲಸವು ಎಲ್ಲವನ್ನೂ ಶಂಕಿಸುವುದಲ್ಲ, ಕಳಚಿಟ್ಟುದನ್ನು ಮರಳಿ ಜೋಡಿಸುವುದು. ಚುನಾವಣೆಯ ಕರಪತ್ರ, ರಸ್ತೆಬದಿಯ ಜಾಹೀರಾತು ಫಲಕ, ವಾಟ್ಸಾಪಿನಲ್ಲಿ ಬರುವ ಸಂದೇಶ, ಈ ಮೂರಕ್ಕೂ ಅನ್ವಯಿಸುವಂತೆ ಆ ಜೋಡಣೆಯ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಮೊದಲು ನೋಡಬೇಕಾದುದು ಹೆಸರು. 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯ 127-ಎ ಕಲಮಿನ ಪ್ರಕಾರ ಚುನಾವಣೆಯ ಕರಪತ್ರಗಳ ಮತ್ತು ಭಿತ್ತಿಪತ್ರಗಳ ಮೇಲೆ ಮುದ್ರಕನ ಹಾಗೂ ಪ್ರಕಾಶಕನ ಹೆಸರು, ವಿಳಾಸ ಇರಲೇಬೇಕು. ತಪ್ಪಿದರೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡು ಸಾವಿರ ರೂಪಾಯಿಗಳವರೆಗೆ ದಂಡ ಅಥವಾ ಎರಡೂ ಉಂಟು. ಕಾಗದದ ಕೆಳ ಅಂಚಿನಲ್ಲಿ, ಬಹುಶಃ ಕನ್ನಡಕವಿಲ್ಲದೆ ಓದಲಾಗದಷ್ಟು ಸಣ್ಣ ಅಕ್ಷರದಲ್ಲಿ ಅದು ಇರುತ್ತದೆ. ಅಲ್ಲಿ ಏನೂ ಇಲ್ಲವೆಂದರೆ, ಬರೆದವನು ತನ್ನ ಮಾತಿಗೆ ತಾನು ಹೊಣೆಯಾಗಲು ಸಿದ್ಧನಿಲ್ಲವೆಂದೇ ತಿಳಿಯಬೇಕು; ಒಳಗಿನ ಮಾತು ಎಷ್ಟೇ ಹಿತವಾಗಿದ್ದರೂ ಅಂತಹ ಕಾಗದವನ್ನು ಇನ್ನೊಬ್ಬರ ಕೈಗೆ ದಾಟಿಸಬಾರದು. ಮನೆಗಳ ಮಾರಾಟದ ಜಾಹೀರಾತಿಗೂ ಇಂಥದೇ ಗುರುತುಂಟು. ಪುಣೆಯಲ್ಲಿ ಹಿಂಜೆವಾಡಿ, ವಾಘೋಲಿಗಳ ಕಡೆಗೆ ಹೋಗುವ ದಾರಿಯುದ್ದಕ್ಕೂ ಎದ್ದು ನಿಂತಿರುವ ಫಲಕಗಳ ಮೇಲೆ, ಮಹಾರಾಷ್ಟ್ರದ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರವಾದ ಮಹಾರೇರಾದ ನೋಂದಣಿ ಸಂಖ್ಯೆ ಇರಬೇಕು. 2023ರ ಆಗಸ್ಟ್ 1ರಿಂದ ಕ್ಯೂಆರ್ ಕೋಡ್ ಸಹ ಕಡ್ಡಾಯವಾಗಿದೆ. ಮೊಬೈಲನ್ನು ಅದರೆದುರು ಹಿಡಿದರೆ ಯೋಜನೆಯ ವಿವರಗಳು ತೆರೆದುಕೊಳ್ಳುತ್ತವೆ. ಐದೇ ನಿಮಿಷದ ದಾರಿಯೆಂದು ಫಲಕ ಹೇಳಿದರೆ, ಯಾವ ವಾಹನದಲ್ಲಿ, ಯಾವ ಹೊತ್ತಿನಲ್ಲಿ ಎಂಬುದನ್ನು ಕೊಳ್ಳುವವನೇ ಬೆಳಗಿನ ಒಂಬತ್ತು ಗಂಟೆಗೆ ಆ ದಾರಿಯಲ್ಲಿ ಹೋಗಿ ತಿಳಿದುಕೊಳ್ಳುವುದು ಲೇಸು.

ಎರಡನೆಯ ಹೆಜ್ಜೆ ಗಾಂಧೀಜಿ ತೋರಿದ್ದು: ತುಣುಕನ್ನು ಕಂಡಾಗ ಇಡಿಯದನ್ನು ಹುಡುಕುವುದು. ಇಪ್ಪತ್ತು ಸೆಕೆಂಡುಗಳ ವಿಡಿಯೋ ತುಣುಕಿನಲ್ಲಿ ಒಬ್ಬ ನಾಯಕನು ಅನುಚಿತವಾದುದನ್ನು ನುಡಿದಂತೆ ಕಂಡರೆ, ಆ ಭಾಷಣದ ಪೂರ್ಣ ಧ್ವನಿಮುದ್ರಣವನ್ನು ಹುಡುಕಿ, ತುಣುಕಿಗಿಂತ ಎರಡು ನಿಮಿಷ ಹಿಂದಿನಿಂದ ಆರಂಭಿಸಿ ಎರಡು ನಿಮಿಷ ಮುಂದಿನವರೆಗೆ ಕೇಳಬೇಕು. ಎದುರಾಳಿಯ ಮಾತನ್ನು ಖಂಡಿಸುವುದಕ್ಕೋಸ್ಕರ ಮೊದಲು ಎತ್ತಿ ಹೇಳಿದ ವಾಕ್ಯವೇ ಭಾಷಣಕಾರನ ಸ್ವಂತ ಅಭಿಪ್ರಾಯವೆಂಬಂತೆ ಹರಡಿರುವುದು ಹೀಗೆ ಹಲವು ಸಲ ಬೆಳಕಿಗೆ ಬರುತ್ತದೆ. ಪೂರ್ಣಪಾಠ ದೊರೆಯದಿದ್ದರೆ ತೀರ್ಮಾನವನ್ನು ತಡೆಹಿಡಿಯಬೇಕು. ಇದು ಕಷ್ಟದ ಕೆಲಸ, ವಿಶೇಷವಾಗಿ ಆ ತುಣುಕು ನಮಗಾಗದವನ ವಿಷಯವಾಗಿದ್ದಾಗ.

ಅನಂತರ ವಿಶೇಷಣಗಳನ್ನು ತೆಗೆದು ಓದಬೇಕು. 1937ರಲ್ಲಿ ನ್ಯೂಯಾರ್ಕಿನಲ್ಲಿ ಪ್ರಚಾರ ವಿಶ್ಲೇಷಣೆಗೆಂದೇ ಸ್ಥಾಪಿತವಾಗಿದ್ದ ಸಂಸ್ಥೆಯೊಂದು ಶಾಲೆಗಳಿಗೂ ಸಾಮಾನ್ಯ ಓದುಗರಿಗೂ ಏಳು ಉಪಾಯಗಳ ಪಟ್ಟಿಯನ್ನು ಕೊಟ್ಟಿತು. ನಿಂದೆಯ ಹೆಸರನ್ನು ಅಂಟಿಸುವುದು ಅದರಲ್ಲಿ ಒಂದು, ಅರ್ಥ ನಿಶ್ಚಯವಿಲ್ಲದ ಉಜ್ಜ್ವಲ ಪದಗಳನ್ನು ಚೆಲ್ಲುವುದು ಇನ್ನೊಂದು. ಅಮೆರಿಕವು ಯುದ್ಧಕ್ಕಿಳಿದ ಬಳಿಕ, 1942ರಲ್ಲಿ, ಆ ಸಂಸ್ಥೆ ತನ್ನ ಕೆಲಸವನ್ನು ನಿಲ್ಲಿಸಿತು. ಪರೀಕ್ಷೆಯ ಅವಶ್ಯಕತೆ ಅತ್ಯಧಿಕವಾದ ಕಾಲದಲ್ಲಿಯೇ ಪರೀಕ್ಷಕರು ಇಲ್ಲವಾಗುತ್ತಾರೆಂಬುದು ಗಮನಾರ್ಹ. ಮನೆಯಲ್ಲಿ ಇದನ್ನು ಮಾಡಿ ನೋಡುವುದು ಸುಲಭ: ಕರಪತ್ರವನ್ನು ಮೇಜಿನ ಮೇಲಿಟ್ಟು, ದ್ರೋಹಿ, ಐತಿಹಾಸಿಕ, ವಿಶ್ವದರ್ಜೆಯ, ಕ್ರಾಂತಿಕಾರಿ ಮುಂತಾದ ಪದಗಳನ್ನೆಲ್ಲ ಪೆನ್ಸಿಲಿನಿಂದ ಹೊಡೆದುಹಾಕಿ, ಯಾರು, ಏನನ್ನು, ಎಂದು, ಎಷ್ಟು ಮಾಡಿದರು ಎಂಬುದಷ್ಟನ್ನೇ ಉಳಿಸಿಕೊಳ್ಳಬೇಕು. ಕೆಲವು ಕರಪತ್ರಗಳಲ್ಲಿ ಅಭ್ಯರ್ಥಿಯ ಹೆಸರೂ ಚಿಹ್ನೆಯೂ ಹೊರತಾಗಿ ಬೇರೇನೂ ಉಳಿಯುವುದಿಲ್ಲ.

ನಾಲ್ಕನೆಯದು, ಎರವಲು ತಂದ ಗೌರವವನ್ನು ಗುರುತಿಸುವುದು. ಇದು ಸೂಕ್ಷ್ಮವಾದ ವಿಷಯ, ಪುಣೆಯಂತಹ ಊರಿನಲ್ಲಿ ಇನ್ನಷ್ಟು ಸೂಕ್ಷ್ಮ. 1890ರ ದಶಕದಲ್ಲಿ ಲೋಕಮಾನ್ಯ ತಿಲಕರು ಸಾರ್ವಜನಿಕ ಗಣೇಶೋತ್ಸವಕ್ಕೆ ‘ಕೇಸರಿ’ಯ ಬೆಂಬಲವನ್ನಿತ್ತು, ಶಿವಾಜಿ ಉತ್ಸವವನ್ನು ಬೆಳೆಸಿ, ಜನರ ಹೃದಯದಲ್ಲಿ ಅದಾಗಲೇ ಇದ್ದ ಭಕ್ತಿಯನ್ನೂ ಅಭಿಮಾನವನ್ನೂ ರಾಷ್ಟ್ರೀಯ ಜಾಗೃತಿಯ ಕಡೆಗೆ ಹರಿಸಿದರು. ಪೂಜ್ಯವಾದ ವಸ್ತುವಿನ ಗೌರವವನ್ನು ಹೊಸ ಉದ್ದೇಶಕ್ಕೆ ವರ್ಗಾಯಿಸುವ ಉಪಾಯವೆಂದರೆ ಇದೇ. ತಿಲಕರು ಅದನ್ನು ಬಹಿರಂಗವಾಗಿ, ತಮ್ಮ ಹೆಸರಿನಲ್ಲಿ ಮಾಡಿದರು. ತಮ್ಮ ಮಾತಿಗಾಗಿ 1897ರಲ್ಲಿಯೂ 1908ರಲ್ಲಿಯೂ ರಾಜದ್ರೋಹದ ಆರೋಪವನ್ನು ಹೊತ್ತು ಸೆರೆಮನೆಗೆ ಹೋದರು. ಇಂದು ಅದೇ ಉತ್ಸವದ ಮಂಟಪಗಳ ಸುತ್ತ ಅಭ್ಯರ್ಥಿಗಳ, ವ್ಯಾಪಾರಿಗಳ ಭಾವಚಿತ್ರಗಳು ತೂಗಾಡುವಾಗ, ಕೈಮುಗಿದದ್ದು ದೇವರಿಗೋ ಭಾವಚಿತ್ರಕ್ಕೋ ಎಂಬುದನ್ನು ಭಕ್ತನು ವಿಂಗಡಿಸಿಕೊಳ್ಳಬೇಕು. ಉಪಾಯವನ್ನು ಗುರುತಿಸುವುದು ಉದ್ದೇಶವನ್ನು ಅಲ್ಲಗಳೆದಂತಲ್ಲ. ಉದ್ದೇಶವು ಸ್ವತಃ ಯೋಗ್ಯವೇ ಎಂದು ಬೇರೆಯಾಗಿ ಕೇಳಿಕೊಳ್ಳುವುದಕ್ಕೆ ಅದು ದಾರಿ.

ವ್ಯಾಪಾರದಲ್ಲಿ ಈ ಎರವಲು ಇನ್ನೂ ನೇರವಾದುದು. ಧಾರವಾಡದಲ್ಲಿ ಜನಿಸಿದ ಲೀಲಾ ಚಿಟಣೀಸರು 1941ರಲ್ಲಿ ಲಕ್ಸ್ ಸಾಬೂನಿನ ಜಾಹೀರಾತಿನಲ್ಲಿ ಕಾಣಿಸಿಕೊಂಡ ಮೊದಲ ಭಾರತೀಯ ತಾರೆ. ಅವರ ಸೌಂದರ್ಯ ಸತ್ಯ, ಸಾಬೂನು ಸತ್ಯ; ಒಂದರಿಂದ ಇನ್ನೊಂದು ಉಂಟಾಯಿತೆಂಬ ಸಂಬಂಧವನ್ನು ಮಾತ್ರ ನೋಡುವವರ ಮನಸ್ಸೇ ಕಟ್ಟಿಕೊಳ್ಳುತ್ತಿತ್ತು. ಇಂದು ಪುಣೆಯ ಸದಾಶಿವ ಪೇಠೆಯಲ್ಲಿ, ಸ್ಪರ್ಧಾ ಪರೀಕ್ಷೆಗಳಿಗಾಗಿ ಊರುಬಿಟ್ಟು ಬಂದ ತರುಣರು ನಡೆದಾಡುವ ಓಣಿಗಳಲ್ಲಿ, ತೇರ್ಗಡೆಯಾದವರ ಭಾವಚಿತ್ರಗಳ ಫಲಕಗಳನ್ನು ನೋಡಿರಿ. ಅಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಈ ಅಭ್ಯರ್ಥಿ ಇಲ್ಲಿ ಓದಿದ್ದು ಏನು, ಎರಡು ವರ್ಷಗಳ ಪೂರ್ಣ ಪಾಠವನ್ನೋ, ಕಡೆಯಲ್ಲಿ ಉಚಿತವಾಗಿ ನಡೆಸಿದ ಸಂದರ್ಶನದ ಅಭ್ಯಾಸವನ್ನೋ? ಈ ಮರೆಮಾಚುವಿಕೆ ಎಷ್ಟು ವ್ಯಾಪಕವಾಗಿತ್ತೆಂದರೆ, ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ನವೆಂಬರಿನಲ್ಲಿ ಕೋಚಿಂಗ್ ಕೇಂದ್ರಗಳ ಜಾಹೀರಾತಿಗೆ ಪ್ರತ್ಯೇಕ ಮಾರ್ಗಸೂಚಿಯನ್ನೇ ಹೊರಡಿಸಬೇಕಾಯಿತು; ಆಯ್ಕೆಯಾದ ಬಳಿಕ ಅಭ್ಯರ್ಥಿಯ ಲಿಖಿತ ಒಪ್ಪಿಗೆಯಿಲ್ಲದೆ ಭಾವಚಿತ್ರವನ್ನು ಬಳಸಕೂಡದು, ಓದಿದ ಪಾಠಕ್ರಮವನ್ನು ಮರೆಮಾಡಕೂಡದು ಎಂದು ಅದರಲ್ಲಿ ವಿಧಿಸಲಾಗಿದೆ. ಮನೆಯವರು ಸಾಲ ಮಾಡಿ ಕಳುಹಿಸಿದ ಹಣ ಅಲ್ಲಿ ವ್ಯಯವಾಗುತ್ತದೆ. ಶುಲ್ಕ ಕಟ್ಟುವ ಮುನ್ನ ಈ ಪ್ರಶ್ನೆಗೆ ಉತ್ತರವನ್ನು ಬರೆಹದಲ್ಲಿ ಕೇಳುವ ಹಕ್ಕು ವಿದ್ಯಾರ್ಥಿಗಿದೆ.

ಐದನೆಯ ಹೆಜ್ಜೆಯಲ್ಲಿ ಪುನರುಕ್ತಿಯನ್ನು ಪ್ರಮಾಣದಿಂದ ಬೇರ್ಪಡಿಸಬೇಕು. ಎರಡನೆಯ ಮಹಾಯುದ್ಧದಲ್ಲಿ ಸರಕಾರವು 1940ರಲ್ಲಿ ಚಲನಚಿತ್ರ ಸಲಹಾ ಮಂಡಲಿಯನ್ನು ಸ್ಥಾಪಿಸಿ, ಪುಣೆಯ ಪ್ರಭಾತ್ ಸಂಸ್ಥೆಯ ವಿ. ಶಾಂತಾರಾಮರನ್ನು ಕೆಲಕಾಲ ಅದರ ನಿರ್ಮಾಣದ ಮುಖ್ಯಸ್ಥರನ್ನಾಗಿ ಪಡೆಯಿತು. 1943ರಲ್ಲಿ ಅದರ ಸ್ಥಾನಕ್ಕೆ ಇನ್‌ಫರ್ಮೇಷನ್ ಫಿಲ್ಮ್ಸ್ ಆಫ್ ಇಂಡಿಯಾ ಬಂದು, ಒಪ್ಪಿತ ಯುದ್ಧಚಿತ್ರಗಳನ್ನು ಪ್ರತಿ ಪ್ರದರ್ಶನದಲ್ಲೂ ತೋರಿಸುವುದು ಚಿತ್ರಮಂದಿರಗಳಿಗೆ ಕಡ್ಡಾಯವಾಯಿತು. ಸಂಗೀತ ಕೇಳಲು, ಕಥೆ ನೋಡಲು ಬಂದವನು ಪ್ರತಿ ಸಲವೂ ಅದೇ ಸಂದೇಶವನ್ನು ಕಂಡು ಹೋಗುತ್ತಿದ್ದನು. ಅನೇಕ ಸಲ ಕಂಡದ್ದು ಪರಿಚಿತವಾಗುತ್ತದೆ, ಪರಿಚಿತವಾದುದು ನಿಜವೆಂದು ತೋರುತ್ತದೆ. ಒಂದೇ ಸಂದೇಶ ಐದು ವಾಟ್ಸಾಪ್ ಗುಂಪುಗಳಿಂದ ಬಂದಾಗ ಐದು ಸಾಕ್ಷಿಗಳು ನುಡಿದಂತೆ ಭಾಸವಾಗುತ್ತದೆ. ಅಕ್ಷರ, ಅಚ್ಚಿನ ತಪ್ಪು, ಚಿತ್ರ ಎಲ್ಲವೂ ಒಂದೇ ಆಗಿದ್ದರೆ, ಐದೂ ಒಂದೇ ಮೂಲದಿಂದ ಬಂದವೆಂದು ತಿಳಿದು, ಅವಕ್ಕೆಲ್ಲ ಕೂಡಿ ಒಂದು ಸಾಕ್ಷಿಯ ಬೆಲೆಯನ್ನು ಮಾತ್ರ ಕೊಡಬೇಕು.

ಇನ್ನು ಮೌನ. ಹೇಳದೆ ಬಿಟ್ಟುದನ್ನು ಕಾಣುವುದು ಎಲ್ಲಕ್ಕಿಂತ ದುಸ್ತರ. 1943ರಲ್ಲಿ ಬಂಗಾಳದಲ್ಲಿ ಜನರು ಅನ್ನವಿಲ್ಲದೆ ಸಾಯುತ್ತಿದ್ದಾಗ ಅಧಿಕಾರಿಗಳು ಕ್ಷಾಮವೆಂಬ ಪದವನ್ನೇ ದೂರವಿಟ್ಟಿದ್ದರು. ಆಗಸ್ಟ್ 22ರಂದು ಕಲಕತ್ತೆಯ ‘ಸ್ಟೇಟ್ಸ್‌ಮನ್’ ಪತ್ರಿಕೆ, ಸಂಪಾದಕ ಇಯಾನ್ ಸ್ಟೀಫನ್ಸರ ನಿರ್ಧಾರದಿಂದ, ಬೀದಿಯಲ್ಲಿ ಬಿದ್ದವರ ಛಾಯಾಚಿತ್ರಗಳನ್ನು ಪ್ರಕಟಿಸಿದಾಗ ಆ ಮೌನ ಮುರಿಯಿತು. ಮೌನವನ್ನು ಕಾಣುವುದಕ್ಕೆ ಒಂದು ಉಪಾಯವೆಂದರೆ, ಮತ ಕೇಳಲು ಬಂದ ಕರಪತ್ರವನ್ನು ಓದುವ ಮೊದಲೇ, ನಮ್ಮ ಬಡಾವಣೆಯ ನೀರು, ಚರಂಡಿ, ಬಸ್ಸು, ಶಾಲೆಗಳ ವಿಷಯದಲ್ಲಿ ನಾವು ಕೇಳಬೇಕೆಂದಿರುವ ನಾಲ್ಕು ಪ್ರಶ್ನೆಗಳನ್ನು ಬರೆದಿಟ್ಟುಕೊಂಡು, ಆಮೇಲೆ ಕರಪತ್ರದಲ್ಲಿ ಅವಕ್ಕೆ ಉತ್ತರವಿದೆಯೇ ಎಂದು ನೋಡುವುದು. ಕರಪತ್ರವನ್ನು ಮೊದಲು ಓದಿದವನು ಅದು ಎತ್ತಿದ ಪ್ರಶ್ನೆಗಳನ್ನೇ ತನ್ನವೆಂದು ಭಾವಿಸುತ್ತಾನೆ.

ಕಡೆಯ ಪರೀಕ್ಷೆ ನಮ್ಮ ಪಕ್ಷದ ಮಾತಿಗೇ ಆಗಬೇಕು. 1942ರಲ್ಲಿ ಶಿಕಾರಿಪುರ ತಾಲೂಕಿನ ಈಸೂರಿನ ಜನರು ತಮ್ಮ ಊರು ಸ್ವತಂತ್ರವೆಂದು ಸಾರಿದ ಸಾಹಸವನ್ನು ಕನ್ನಡಿಗರು ಇಂದಿಗೂ ನೆನೆಯುವುದು, ಏಸೂರು ಕೊಟ್ಟರೂ ಈಸೂರು ಕೊಡೆವು ಎಂಬ ಘೋಷಣೆಯ ಮೂಲಕ. ಪ್ರಾಸವು ಅದನ್ನು ನಾಲಗೆಯ ಮೇಲೆ ಉಳಿಸಿತು; ಅದು ಅಂದು ಧೈರ್ಯವನ್ನು ಕೊಟ್ಟಿತು, ಅದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಆ ಊರಿನಲ್ಲಿ ಸರಕಾರಿ ಅಧಿಕಾರಿಗಳಿಬ್ಬರು ಪ್ರಾಣ ಕಳೆದುಕೊಂಡದ್ದೂ, 1943ರ ಮಾರ್ಚಿನಲ್ಲಿ ಐವರು ಗ್ರಾಮಸ್ಥರು ಗಲ್ಲಿಗೇರಿದುದೂ ಘೋಷಣೆಯೊಳಗಿಲ್ಲ. ಅವನ್ನು ಇತಿಹಾಸದಿಂದಲೇ ಓದಿ ತಿಳಿಯಬೇಕು. ನಾವು ಪ್ರೀತಿಸುವ ಘೋಷಣೆಯ ಪಕ್ಕದಲ್ಲಿಯೂ ಈ ಬಗೆಯ ಪೂರ್ಣವೃತ್ತಾಂತವನ್ನು ಇಟ್ಟು ಓದಬಲ್ಲವನಿಗೆ ಮಾತ್ರ ಎದುರು ಪಕ್ಷದ ಪುಸ್ತಿಕೆಯನ್ನು ಪರೀಕ್ಷಿಸುವ ಅಧಿಕಾರವುಂಟೆಂದು ನನ್ನ ಮತ.

ಪರೀಕ್ಷೆಯಲ್ಲಿ ಅನ್ಯಾಯ ಕಂಡುಬಂದರೆ ಸುಮ್ಮನಿರಬೇಕಾಗಿಲ್ಲ. ತಪ್ಪುದಾರಿಗೆಳೆಯುವ ಜಾಹೀರಾತಿನ ವಿಷಯವಾಗಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಬಹುದು. ಚುನಾವಣೆಯ ನೀತಿಸಂಹಿತೆ ಜಾರಿಯಲ್ಲಿರುವಾಗ ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪಿನಲ್ಲಿ ಚಿತ್ರಸಹಿತ ದೂರು ಕೊಡಬಹುದು. ಫಲಕದ ಅಥವಾ ಕರಪತ್ರದ ಪೂರ್ಣ ಛಾಯಾಚಿತ್ರವನ್ನು, ಕೆಳ ಅಂಚಿನ ಸಣ್ಣ ಅಕ್ಷರಗಳೂ ಕಾಣುವಂತೆ, ಕಂಡ ದಿನವೇ ತೆಗೆದಿಟ್ಟುಕೊಳ್ಳಿರಿ; ತಾರೀಖನ್ನೂ ಸ್ಥಳವನ್ನೂ ಜೊತೆಗೆ ಬರೆದಿಡಿರಿ.