ಮಗ್ಗದ ಮನೆಯ ಸೊಸೆಗೊಂದು ಕಿವಿಮಾತು

ಮಗಳೇ, ಮನೆಯ ಕಾಗದಪತ್ರದ ಚೀಲ ಈಗ ನಿನ್ನ ಕೈಗೆ ಬಂದಿದೆ ಅಂತ ನಿಮ್ಮತ್ತೆ ಹೇಳಿದರು. ಓದಿದ ಹುಡುಗಿ ಸೊಸೆಯಾಗಿ ಬಂದರೆ ನಮ್ಮ ದೊಡ್ಡಬಳ್ಳಾಪುರದ ಕಡೆ ಆಗುವುದೇ ಹಾಗೆ. ಕರೆಂಟು ಬಿಲ್ಲಿನಿಂದ ಹಿಡಿದು ಸೊಸೈಟಿ ಪಾಸ್‌ಬುಕ್ಕಿನವರೆಗೆ ಎಲ್ಲ ಅವಳ ಜವಾಬ್ದಾರಿ. ನಾನು ನೆಲಮಂಗಲ, ದೇವನಹಳ್ಳಿ ಕಡೆಯ ಉಪಕೇಂದ್ರಗಳಲ್ಲಿ ಸಿಸ್ಟರ್ ಆಗಿ ಓಡಾಡಿ ನಿವೃತ್ತಳಾದವಳು. ಕಾಯಿಲೆ ಮನೆಯೊಳಗೆ ಕಾಲಿಟ್ಟ ದಿನ ಜನ ಮೊದಲು ತಡಕಾಡುವುದು ಇದೇ ಚೀಲವನ್ನು ಎಂಬುದನ್ನು ಬೇಕಾದಷ್ಟು ಸಲ ಕಂಡಿದ್ದೇನೆ. ಅದಕ್ಕೇ ಎಲ್ಲರೂ ಗಟ್ಟಿಯಾಗಿರುವಾಗಲೇ ನಾಲ್ಕು ಮಾತು ಹೇಳಿಬಿಡುತ್ತೇನೆ.

ಮೊದಲು ಪಡಿತರ ಚೀಟಿ ತೆಗೆದು ನೋಡು. ಅದರಲ್ಲಿ ನಿನ್ನ ಹೆಸರು ಸೇರಿದೆಯೇ? ಎಷ್ಟೋ ಮನೆಗಳಲ್ಲಿ ಮದುವೆಯಾಗಿ ಮಗುವಾದರೂ ಸೊಸೆಯ ಹೆಸರು ತವರಿನ ಚೀಟಿಯಲ್ಲೇ ಇರುತ್ತದೆ, ಮಗುವಿನ ಹೆಸರು ಎಲ್ಲೂ ಇರುವುದಿಲ್ಲ. ಅಕ್ಕಿಯ ಲೆಕ್ಕಕ್ಕೆ ಮಾತ್ರ ಅಲ್ಲ ಕಣಮ್ಮ ಆ ಚೀಟಿ. ನಮ್ಮ ರಾಜ್ಯದಲ್ಲಿ ಆರೋಗ್ಯ ವಿಮೆ ನಿಂತಿರುವುದೂ ಅದರ ಮೇಲೆಯೇ. 2018ರ ಮಾರ್ಚ್‌ನಲ್ಲಿ ಆರೋಗ್ಯ ಕರ್ನಾಟಕ ಶುರುವಾಯಿತು. ಅದೇ ವರ್ಷದ ಅಕ್ಟೋಬರ್ ಕೊನೆಗೆ ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ಕೂಡಿಕೊಂಡಿತು. ಬಿಪಿಎಲ್ ಕುಟುಂಬವಾದರೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಖರ್ಚನ್ನು ಸರ್ಕಾರ ಕಟ್ಟುತ್ತದೆ. ಎಪಿಎಲ್ ಆದರೆ ನಿಗದಿ ಮಾಡಿದ ದರದ ಶೇ 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷ ಮೀರುವಂತಿಲ್ಲ. ಒಂದೇ ಆಪರೇಷನ್ನಿಗೆ ಇಷ್ಟು ವ್ಯತ್ಯಾಸ. 2024ರ ನವೆಂಬರ್‌ನಲ್ಲಿ ಎಷ್ಟೋ ಬಿಪಿಎಲ್ ಚೀಟಿಗಳು ಎಪಿಎಲ್‌ಗೆ ಬದಲಾಗಿ ರಾಜ್ಯದಲ್ಲೆಲ್ಲ ಗದ್ದಲವಾಯಿತಲ್ಲ, ಆಮೇಲೆ ಅರ್ಹರಿಗೆ ಮರಳಿ ಕೊಡಬೇಕಾಯಿತು. ಆಗ ಹೆಚ್ಚಿನವರು ಅಕ್ಕಿ ಹೋಯಿತು ಅಂತ ಕೊರಗಿದರು, ನನಗೆ ಡಯಾಲಿಸಿಸ್ ಮಾಡಿಸಿಕೊಳ್ಳುವವರ ಚಿಂತೆ ಹತ್ತಿತ್ತು. ಹಾಗಾಗಿ ಆಗಾಗ ನ್ಯಾಯಬೆಲೆ ಅಂಗಡಿಯಲ್ಲಿ ಚೀಟಿ ಯಾವ ಲೆಕ್ಕದಲ್ಲಿದೆ ಅಂತ ವಿಚಾರಿಸುತ್ತಿರು. ಆಧಾರ್‌ನಲ್ಲಿರುವ ಹೆಸರೂ ಚೀಟಿಯ ಹೆಸರೂ ಅಕ್ಷರಕ್ಕೆ ಅಕ್ಷರ ಹೊಂದಬೇಕು. ನಿಮ್ಮ ಮಾವನ ಹೆಸರಿನ ಹಿಂದಿನ ಇನಿಷಿಯಲ್ ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಈಗಲೇ ತಿದ್ದಿಸು. ಮನೆಯ ಪ್ರತಿಯೊಬ್ಬರಿಗೂ ಆರೋಗ್ಯ ವಿಮೆಯ ಕಾರ್ಡು ಬೇರೆ ಬೇರೆ ಆಗಬೇಕು, ಹತ್ತಿರದ ಗ್ರಾಮ ಒನ್ ಕೇಂದ್ರದಲ್ಲಿ ಮಾಡಿಕೊಡುತ್ತಾರೆ.

ಇನ್ನು ಆಸ್ಪತ್ರೆಯ ದಾರಿ. ಕಾರ್ಡಿದೆ ಅಂತ ನೇರ ಖಾಸಗಿ ಆಸ್ಪತ್ರೆಗೆ ಹೋಗಿ ಕೂತರೆ ಆಗುವುದಿಲ್ಲ. ಮೊದಲು ಸರ್ಕಾರಿ ಆಸ್ಪತ್ರೆ, ಅಂದರೆ ನಮಗೆ ತಾಲ್ಲೂಕು ಆಸ್ಪತ್ರೆ. ಅಲ್ಲಿ ಆಗದ ಚಿಕಿತ್ಸೆಯಾದರೆ ವೈದ್ಯರು ಶಿಫಾರಸು ಪತ್ರ ಕೊಡುತ್ತಾರೆ, ಅದನ್ನು ಹಿಡಿದು ನೋಂದಾಯಿತ ಆಸ್ಪತ್ರೆಗೆ ಹೋಗಬೇಕು. ಎದೆನೋವು, ಅಪಘಾತದಂಥ ತುರ್ತಿಗೆ ಮಾತ್ರ ಪತ್ರ ಬೇಡ, 108ಕ್ಕೆ ಫೋನ್ ಮಾಡಿ ಹೊರಟುಬಿಡಬೇಕು. ಈ ಪತ್ರದ ನಿಯಮ ಬಡವರನ್ನು ಅಲೆಸುತ್ತದೆ ಅಂತ ಬೈಯುವವರಿದ್ದಾರೆ. ಅಲೆದಾಟ ಇರುವುದು ನಿಜ. ಆದರೂ ನಾನು ಆ ನಿಯಮದ ಪರ. ತಾಲ್ಲೂಕು ಆಸ್ಪತ್ರೆಯಲ್ಲಿ ಆಗುವ ಹೆರಿಗೆ, ಹರ್ನಿಯಾ ಎಲ್ಲ ಖಾಸಗಿಗೆ ಹರಿದು ಹೋದರೆ ಯೋಜನೆಯ ದುಡ್ಡೂ ಅತ್ತಲೇ ಹರಿಯುತ್ತದೆ. ಇಲ್ಲಿನ ಆಪರೇಷನ್ ಕೋಣೆಗೆ ಬೀಗ ಬೀಳುತ್ತದೆ. ಬೆಂಗಳೂರು ನಲವತ್ತು ಕಿಲೋಮೀಟರ್ ದೂರದಲ್ಲಿದೆ ಅಂತ ನಮ್ಮ ತಾಲ್ಲೂಕಿಗೆ ಆಸ್ಪತ್ರೆಯೇ ಬೇಡ ಎನ್ನಲಾಗುತ್ತದೆಯೇ?

ಯಾವ ನೋಂದಾಯಿತ ಆಸ್ಪತ್ರೆಗೆ ಹೋದರೂ ಮುಂಗಡ ಕಟ್ಟುವ ಕಿಟಕಿಗೆ ಹೋಗುವ ಮುಂಚೆ ‘ಆರೋಗ್ಯಮಿತ್ರ ಎಲ್ಲಿ ಕೂರುತ್ತಾರೆ?’ ಅಂತ ಕೇಳು. ಯೋಜನೆಯ ಕೆಲಸಕ್ಕೆಂದೇ ಅಲ್ಲಿರುವವರು ಅವರು. ಚಿಕಿತ್ಸೆಗೆ ಯೋಜನೆಯಲ್ಲಿ ಒಪ್ಪಿಗೆ ಸಿಕ್ಕ ಮೇಲೂ ಹೊರಗಡೆ ಔಷಧಿ ತನ್ನಿ, ಇದಕ್ಕಿಷ್ಟು ಕಟ್ಟಿ ಅಂದರೆ ಸುಮ್ಮನೆ ಕಟ್ಟಬೇಡ. ರಸೀದಿ ಕೇಳು, 104ಕ್ಕೆ ಇಲ್ಲವೇ 14555ಕ್ಕೆ ಫೋನ್ ಮಾಡಿ ದೂರು ಬರೆಸು. ನಮ್ಮ ಹೆಣ್ಣುಮಕ್ಕಳು ಆಸ್ಪತ್ರೆಯಲ್ಲಿ ಗಟ್ಟಿಯಾಗಿ ಮಾತಾಡಲು ಹಿಂಜರಿಯುತ್ತಾರೆ, ರೋಗಿಯನ್ನು ಸರಿಯಾಗಿ ನೋಡಿಕೊಳ್ಳಲಿಕ್ಕಿಲ್ಲ ಎಂಬ ಭಯ. ಆ ಭಯ ನನಗೆ ಅರ್ಥವಾಗುತ್ತದೆ. ಆದರೂ ಕೇಳು, ಮೆತ್ತಗೆ ಕೇಳು, ಕೇಳದೆ ಮಾತ್ರ ಬರಬೇಡ.

ಈ ದಾರಿಯ ವಿಷಯವನ್ನು ಇಷ್ಟು ಎಳೆದು ಹೇಳುವುದಕ್ಕೆ ಕಾರಣ ಕೊರೋನಾ. 2020ರ ಜೂನ್‌ನಲ್ಲಿ ಸರ್ಕಾರ ಖಾಸಗಿ ಆಸ್ಪತ್ರೆಗಳಿಗೆ ದರ ಗೊತ್ತುಮಾಡಿತು. ಸರ್ಕಾರವೇ ಕಳಿಸಿದ ರೋಗಿಯಾದರೆ ಸಾಮಾನ್ಯ ವಾರ್ಡಿಗೆ ದಿನಕ್ಕೆ 5,200, ವೆಂಟಿಲೇಟರ್ ಇರುವ ಐಸಿಯುಗೆ 10,000 ರೂಪಾಯಿ. ಅದನ್ನು ಸರ್ಕಾರ ಕಟ್ಟುತ್ತಿತ್ತು, ರೋಗಿಯ ಕೈಯಿಂದ ಕಾಸಿಲ್ಲ. ತಾನಾಗಿಯೇ ಹೋಗಿ ದಾಖಲಾದವರಿಗೆ ಅದೇ ವಾರ್ಡಿಗೆ 10,000, ಅದೇ ವೆಂಟಿಲೇಟರ್‌ಗೆ 25,000, ಪೂರ್ತಿ ಕೈಯಿಂದ. ಯಾವ ಬಾಗಿಲಿನಿಂದ ಒಳಗೆ ಹೋದರು ಎಂಬುದರ ಮೇಲೆ ಮನೆ ಉಳಿಯಿತು, ಇಲ್ಲವೇ ಮಗ್ಗ ಮಾರಾಟವಾಯಿತು. 2021ರ ಏಪ್ರಿಲ್–ಮೇ ತಿಂಗಳಲ್ಲಿ ಉಸಿರು ಸಿಕ್ಕದೆ ಒದ್ದಾಡುವ ತಂದೆಯನ್ನು ಕಾರಿನಲ್ಲಿ ಮಲಗಿಸಿಕೊಂಡ ಮಗ ನಿಯಮ ಎಲ್ಲಿ ಓದುತ್ತಾನೆ? ಸಿಕ್ಕ ಬಾಗಿಲು ತಟ್ಟಿದ. ನಿಯಮ ತಿಳಿದುಕೊಳ್ಳಬೇಕಾದ ಕಾಲ ಅದಕ್ಕಿಂತ ಮುಂಚೆಯೇ ಇತ್ತು. ನಿನಗೆ ಈಗ ಆ ಕಾಲ ಇದೆ.

ಬೇರೆ ಎರಡು ದಾರಿಗಳನ್ನೂ ಹೇಳಿಬಿಡುತ್ತೇನೆ. ನಿಮ್ಮ ಮಾವ ನೇಕಾರರ ಸಹಕಾರ ಸಂಘದಲ್ಲಿದ್ದಾರೆ, ಅತ್ತೆ ಡೇರಿಗೆ ಹಾಲು ಹಾಕುತ್ತಾರೆ. ಸಂಘದ ಸದಸ್ಯರಿಗೆ ಯಶಸ್ವಿನಿ ಇದೆ. 2003ರಲ್ಲಿ ಅದು ನಡೆಯಲು ಶುರುವಾದಾಗ ವರ್ಷಕ್ಕೆ ತಲೆಗೆ 60 ರೂಪಾಯಿ. ರೈತರೇ ಕೂಡಿಸಿದ ಚಿಲ್ಲರೆಯಿಂದ ಹೃದಯದ ಆಪರೇಷನ್ ಆಗುತ್ತದೆ ಎಂಬುದನ್ನು ಮೊದಲು ತೋರಿಸಿಕೊಟ್ಟಿದ್ದು ಆ ಯೋಜನೆ. 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕದೊಳಗೆ ಸೇರಿಸಿಬಿಟ್ಟಾಗ ನನಗೆ ನಿಜವಾಗಿ ಸಂಕಟವಾಗಿತ್ತು, 2023ರ ಜನವರಿಯಿಂದ ಮತ್ತೆ ನಡೆಯುತ್ತಿದೆ. ಮತ್ತೆ ಶುರುವಾದಾಗ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಮೇಲೆ ಒಬ್ಬೊಬ್ಬರಿಗೂ 100 ಇಟ್ಟರು. ವರ್ಷದ ಕೆಲವು ತಿಂಗಳು ಮಾತ್ರ ನೋಂದಣಿ ತೆರೆದಿರುತ್ತದೆ, ಸಂಘದ ಕಾರ್ಯದರ್ಶಿಯನ್ನು ಕೇಳಿಕೊಂಡಿರು. ನಿನ್ನ ಮೈದುನ ಬಾಶೆಟ್ಟಿಹಳ್ಳಿ ಕಡೆ ಗಾರ್ಮೆಂಟ್ಸ್‌ಗೆ ಹೋಗುತ್ತಾನಲ್ಲ, ಸಂಬಳ 21,000ದ ಒಳಗಿದ್ದರೆ ಅವನಿಗೆ ಇಎಸ್‌ಐ ಇರುತ್ತದೆ. ಪೇ ಸ್ಲಿಪ್ಪಿನಲ್ಲಿ ಹಿಡಿದ ಮುಕ್ಕಾಲು ಪರ್ಸೆಂಟ್ ಕಂಡು ಹುಡುಗರು ಗೊಣಗುತ್ತಾರೆ. ಮಾಲೀಕರು ಅದರ ಮೇಲೆ ಮೂರೂಕಾಲು ಪರ್ಸೆಂಟ್ ಹಾಕುತ್ತಾರೆ ಅಂತ ಅವನಿಗೆ ಹೇಳು. ಅವನನ್ನು ನಂಬಿಕೊಂಡಿರುವ ತಂದೆತಾಯಿಯ ಹೆಸರನ್ನೂ ಅದರಲ್ಲಿ ಸೇರಿಸಲು ಬರುತ್ತದೆ.

ಇಎಸ್‌ಐ ಬಗ್ಗೆ ನನಗೆ ವಿಶೇಷ ಗೌರವ. ಕಾಯಿಲೆ ಬಿದ್ದವನಿಗೆ ಅದು ಸಂಬಳದ ಶೇ 70ರಂತೆ ವರ್ಷಕ್ಕೆ 91 ದಿನದವರೆಗೆ ದುಡ್ಡು ಕೊಡುತ್ತದೆ. ಮಿಕ್ಕ ಕಾರ್ಡುಗಳು ಹಾಸಿಗೆಯ ಖರ್ಚು ಕಟ್ಟುತ್ತವೆಯೇ ಹೊರತು ಕೂಲಿ ಕಟ್ಟುವುದಿಲ್ಲ. ಕೂಲಿ ಮಗ್ಗ ನೇಯುವ ಮನೆಯಲ್ಲಿ ಒಬ್ಬರು ಮಲಗಿದರೆ ಅವರನ್ನು ನೋಡಿಕೊಳ್ಳಲು ಇನ್ನೊಬ್ಬರು ಆಸ್ಪತ್ರೆಯಲ್ಲಿ ಕೂರಬೇಕು, ಕಂಡಿಕೆ ಸುತ್ತುವವರಿಲ್ಲ, ಮಗ್ಗ ನಿಲ್ಲುತ್ತದೆ. ಬಿಲ್ಲು ಸೊನ್ನೆಯಾದರೂ ಮನೆ ಸಾಲಕ್ಕೆ ಬೀಳುವುದು ಹೀಗೆ. 2002ರ ಸುಮಾರಿಗೆ ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್ ಬಡವರಿಗೊಂದು ಪುಟ್ಟ ವಿಮೆ ನಡೆಸಿತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ದಾಖಲಾದವರಿಗೆ ಕಳೆದುಹೋದ ಕೂಲಿಯ ಬದಲಿಗೆ ದಿನಕ್ಕೆ 50 ರೂಪಾಯಿ ಅವರ ಕೈಗೇ ಕೊಡುತ್ತಿದ್ದರು. ಎಂಥ ತಿಳಿದವರ ಲೆಕ್ಕ ನೋಡು! ಇವತ್ತಿನ ದೊಡ್ಡ ಯೋಜನೆಗಳಲ್ಲಿ ನಾನು ಹುಡುಕಿ ಕಾಣದೆ ಹೋದದ್ದು ಆ 50 ರೂಪಾಯಿಯನ್ನು.

ಇಷ್ಟು ಹೊತ್ತು ಕಾರ್ಡಿನ ಮಾತಾಯಿತು. ನಾನು ನಿನಗೆ ಹೇಳಲೇಬೇಕೆಂದಿದ್ದ ಮಾತು ಇನ್ನೊಂದಿದೆ. ಕಾರ್ಡು ಕೆಲಸ ಮಾಡುವುದು ಮನುಷ್ಯ ಬಿದ್ದ ಮೇಲೆ. ಬೀಳದಂತೆ ನೋಡಿಕೊಳ್ಳುವ ಕೈ ಊರಲ್ಲೇ ಇರಬೇಕು.

ನಾನು ಕೆಲಸಕ್ಕೆ ಸೇರಿದಾಗ ಹಿರಿಯ ವೈದ್ಯರೊಬ್ಬರು ಒಂದು ಅಧ್ಯಯನದ ಬಗ್ಗೆ ಹೇಳಿದ್ದರು. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ, 1959ರಲ್ಲಿ ಆದದ್ದು. ಅಲ್ಲಿನ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ನಮ್ಮ ನೆಲಮಂಗಲಕ್ಕೆ ಅಂಟಿಕೊಂಡ ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋಗಿ ಕ್ಷಯ ಇದ್ದವರನ್ನು ಮನೆಮನೆಯಲ್ಲಿ ಮಾತಾಡಿಸಿದರು. 1963ರಲ್ಲಿ ಅದು ಪ್ರಕಟವಾಯಿತು. ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ಕಾಯಿಲೆ ಬಂದರೂ ಆಸ್ಪತ್ರೆಗೆ ಬರುವುದಿಲ್ಲ ಅಂತ ಎಲ್ಲರೂ ನಂಬಿದ್ದ ಕಾಲ. ಇವರು ಕಂಡದ್ದೇ ಬೇರೆ. ಅರ್ಧಕ್ಕಿಂತ ಹೆಚ್ಚು ಮಂದಿ ಅದಾಗಲೇ ಆಸ್ಪತ್ರೆಗೆ ಹೋಗಿ ತೋರಿಸಿಕೊಂಡಿದ್ದರು. ಬಹಳಷ್ಟು ಮಂದಿಗೆ ಕೆಮ್ಮಿನ ಔಷಧಿಯ ಬಾಟಲು ಕೊಟ್ಟು ವಾಪಸ್ ಕಳಿಸಲಾಗಿತ್ತು. ಜನ ಬಂದಿದ್ದರು, ಆಸ್ಪತ್ರೆ ಅವರನ್ನು ಗುರುತಿಸಲಿಲ್ಲ. ಕ್ಷಯದ ಚಿಕಿತ್ಸೆ ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಸಿಗಬೇಕು ಎಂಬ ದಾರಿಗೆ ಈ ತಿಳಿವು ಬಲ ಕೊಟ್ಟಿತು. ನನ್ನ ನೌಕರಿಯುದ್ದಕ್ಕೂ ಈ ಮಾತು ತಲೆಯಿಂದ ಹೋಗಲಿಲ್ಲ. ಕೆಮ್ಮುವವರನ್ನು ಕಂಡರೆ ಎಷ್ಟು ದಿನವಾಯಿತು ಅಂತ ಕೇಳದೆ ಮುಂದೆ ಹೋಗುತ್ತಿರಲಿಲ್ಲ.

ಕೊರೋನಾದಲ್ಲಿಯೂ ಅದೇ ಕಂಡೆ. 2020ರ ಮೇ ತಿಂಗಳಲ್ಲಿ ರಾಜ್ಯದಲ್ಲೆಲ್ಲ ಮನೆಮನೆ ಸಮೀಕ್ಷೆ ಮಾಡಿಸಿದರು. ವಯಸ್ಸಾದವರು ಯಾರು, ಬಸುರಿಯರು ಯಾರು, ಸಕ್ಕರೆ ಕಾಯಿಲೆ ಯಾರಿಗೆ ಅಂತ ಪಟ್ಟಿ. ಹಳ್ಳಿಗಳಲ್ಲಿ ಆ ಪಟ್ಟಿಗೆ ಜೀವ ಕೊಟ್ಟವರು ಆಶಾ ಕಾರ್ಯಕರ್ತೆಯರು. ಯಾರ ಮನೆಯ ಅಜ್ಜಿ ಒಳಕೋಣೆಯಲ್ಲಿ ಕೆಮ್ಮುತ್ತಿದ್ದಾಳೆ, ಯಾರು ಬೆಂಗಳೂರಿನಿಂದ ರಾತ್ರಿ ಬಂದಿಳಿದರು ಅನ್ನುವುದು ಅವರಿಗೆ ಗೊತ್ತಿತ್ತು. ಅದಕ್ಕಾಗಿ ಬೈಸಿಕೊಂಡರು, ಬಾಗಿಲು ಮುಚ್ಚಿಸಿಕೊಂಡರು. 2020ರ ಜುಲೈನಲ್ಲಿ, ಸೋಂಕು ಏರುತ್ತಿದ್ದಾಗಲೇ, ತಿಂಗಳಿಗೆ 12,000 ಗೌರವಧನ ಬೇಕು ಅಂತ ಅವರು ಮುಷ್ಕರ ಹೂಡಬೇಕಾಯಿತು. 2025ರ ಜನವರಿಯಲ್ಲಿ ಮತ್ತೆ ಫ್ರೀಡಂ ಪಾರ್ಕಿನ ಚಳಿಯಲ್ಲಿ ಕೂತ ಮೇಲೆ 10,000 ಸಿಗುತ್ತದೆಂಬ ಭರವಸೆ ಬಂತು. ಊರಿನ ಪ್ರಾಣವನ್ನು ಕಾದವರು ತಮ್ಮ ಅನ್ನಕ್ಕಾಗಿ ಬೀದಿಯಲ್ಲಿ ಕೂರಬೇಕಾದದ್ದು ನನ್ನನ್ನು ಇವತ್ತಿಗೂ ಸುಡುತ್ತದೆ.

ಅದಕ್ಕೇ ನಿಮ್ಮೂರಿನ ಆಶಾ ಬಂದರೆ ಬಾಗಿಲಲ್ಲೇ ನಿಲ್ಲಿಸಿ ಕಳಿಸಬೇಡ. ಒಳಗೆ ಕರೆದು ಕೂರಿಸು, ನೀರು ಕೊಡು, ಮನೆಯವರೆಲ್ಲರ ವಿಷಯ ಬಿಚ್ಚಿ ಹೇಳು. ಕೊರೋನಾ ಹೆಚ್ಚು ಕಾಡಿದ್ದು ಬಿಪಿ, ಸಕ್ಕರೆ ಇದ್ದವರನ್ನು. ಅವರಲ್ಲಿ ಎಷ್ಟೋ ಮಂದಿಗೆ ಅವು ತಮಗಿವೆ ಅಂತ ಗೊತ್ತಾದದ್ದೇ ಆಸ್ಪತ್ರೆಯ ಹಾಸಿಗೆಯ ಮೇಲೆ. ಮೂವತ್ತು ದಾಟಿದ ಎಲ್ಲರಿಗೂ ಉಪಕೇಂದ್ರದಲ್ಲಿ, ಈಗ ಆಯುಷ್ಮಾನ್ ಆರೋಗ್ಯ ಮಂದಿರ ಅಂತ ಬೋರ್ಡು ಹಾಕಿದ್ದಾರೆ, ಬಿಪಿ, ಸಕ್ಕರೆ ಪುಕ್ಕಟೆ ನೋಡುತ್ತಾರೆ, ಮಾತ್ರೆ ಕೊಡುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆಗೇ ಬಂದು ನೋಡುತ್ತಾರೆ. ಬಹಳ ಒಳ್ಳೆಯ ಕೆಲಸ ಅದು, ನಾವೆಲ್ಲ ಎಷ್ಟೋ ವರ್ಷ ಬಯಸಿದ್ದು. ಮಗ್ಗದ ಸದ್ದಿನಲ್ಲಿ ದಿನವಿಡೀ ನಿಲ್ಲುವ ನಿಮ್ಮ ಮಾವನ ಕಿವಿ ಮಂದವಾಗಿದೆ ಅಂತ ನೀವು ನಗುತ್ತೀರಿ, ಅದನ್ನೂ ಪರೀಕ್ಷೆ ಮಾಡಿಸು. ಬಿಪಿ ಮಾತ್ರೆಯನ್ನು ‘ಈಗ ಸರಿಹೋಯ್ತು’ ಅಂತ ನಡುವೆ ಬಿಡದಂತೆ ನೋಡಿಕೋ. ತಿಂಗಳಿಗೊಂದು ಪಟ್ಟಿ ಮಾತ್ರೆ ತಪ್ಪದೆ ನುಂಗಿದವರಿಗೆ 5 ಲಕ್ಷದ ಕಾರ್ಡು ತೆಗೆಯುವ ಸಂದರ್ಭವೇ ಕಡಿಮೆ.

ಇನ್ನು ನಿಮ್ಮ ವಠಾರದ ಹಿಂದಿನ ಕೋಣೆಯಲ್ಲಿ ಬಿಹಾರದ ಗಂಡಹೆಂಡತಿ ಬಾಡಿಗೆಗಿದ್ದಾರೆ, ಆ ಹುಡುಗಿ ಬಸುರಿ ಅಂತ ಕೇಳಿದೆ. ಅವಳಿಗೆ ಭಾಷೆ ಬಾರದು, ಯಾರನ್ನು ಕೇಳಬೇಕೋ ಗೊತ್ತಿರುವುದಿಲ್ಲ. ನೀನೇ ಕರೆದುಕೊಂಡು ಹೋಗಿ ಅಂಗನವಾಡಿಯಲ್ಲೂ ಉಪಕೇಂದ್ರದಲ್ಲೂ ಹೆಸರು ಬರೆಸು, ತಾಯಿ ಕಾರ್ಡು ಮಾಡಿಸು. ಅವರೂರಿನಿಂದ ತಂದ ಆಯುಷ್ಮಾನ್ ಕಾರ್ಡು ಇದ್ದರೆ ಅದು ಇಲ್ಲಿನ ನೋಂದಾಯಿತ ಆಸ್ಪತ್ರೆಯಲ್ಲೂ ನಡೆಯುತ್ತದೆ, ಇದು ಅವರಿಗೆ ಗೊತ್ತಿರುವುದು ಅನುಮಾನ. 2020ರಲ್ಲಿ ಇಂಥವರೇ ಹೆದ್ದಾರಿಯಲ್ಲಿ ಮಕ್ಕಳನ್ನು ಹೊತ್ತು ನಡೆದದ್ದು. ಒಂದೇ ವಠಾರದ ನಲ್ಲಿಯಲ್ಲಿ ನೀರು ಹಿಡಿಯುವವರಲ್ಲಿ ಒಬ್ಬರ ಕಾಯಿಲೆ ಇನ್ನೊಬ್ಬರದಾಗಲು ಎಷ್ಟು ಹೊತ್ತು?

ಕೊನೆಯದಾಗಿ ಗ್ರಾಮಸಭೆಗೆ ಹೋಗು. ಗಂಡಸರು ಚರಂಡಿ, ಬೀದಿದೀಪದ ಮಾತು ಮುಗಿಸಿ ಏಳುವ ಮುಂಚೆ ಎದ್ದು ನಿಲ್ಲು. ಪ್ರತಿ ಹಳ್ಳಿಗೂ ಆರೋಗ್ಯ, ನೈರ್ಮಲ್ಯ, ಪೌಷ್ಟಿಕತೆಯ ಸಮಿತಿ ಇರಬೇಕು, ಅದಕ್ಕಂತಲೇ ಒಂದಷ್ಟು ಮುಕ್ತನಿಧಿಯೂ ಇರುತ್ತದೆ. ಸಮಿತಿಯಲ್ಲಿ ಯಾರಿದ್ದಾರೆ, ಕಡೆಯ ಸಭೆ ಯಾವಾಗ ನಡೆಯಿತು, ಆ ದುಡ್ಡು ಯಾವುದಕ್ಕೆ ಖರ್ಚಾಯಿತು ಅಂತ ಕೇಳು. ಉಪಕೇಂದ್ರದಲ್ಲಿ ಬಿಪಿ ಮಾತ್ರೆ ತಿಂಗಳಿಡೀ ಸಿಗುತ್ತಿದೆಯೇ, ಬಿಪಿ ನೋಡುವ ಯಂತ್ರ ಸರಿಯಿದೆಯೇ, ಒಂಟಿಯಾಗಿರುವ ಮುದುಕರ ಪಟ್ಟಿ ಪಂಚಾಯಿತಿಯಲ್ಲಿದೆಯೇ ಅಂತಲೂ ಕೇಳು. ಉತ್ತರ ಕೊಡದಿದ್ದರೆ ಪ್ರಶ್ನೆಯನ್ನು ನಡವಳಿ ಪುಸ್ತಕದಲ್ಲಿ ಬರೆಸಿ ಬಾ, ಮುಂದಿನ ಸಭೆಗೆ ನಿಮ್ಮತ್ತೆಯನ್ನೂ ಪಕ್ಕದ ಮನೆಯವರನ್ನೂ ಜೊತೆಗೆ ಕರೆದುಕೊಂಡು ಹೋಗು.