ತಾಯಿಗಿದ್ದ ದವಡೆ ನೋವು ಮಗಳಿಗೂ ಬರುತ್ತದೆಯೇ?



ಎರಡೂ ಕಿವಿಗಳ ಮುಂದೆ ಒಂದೊಂದು ಬೆರಳು ಇಡಿ. ಬಾಯಿ ತೆರೆಯಿರಿ. ಮುಚ್ಚಿರಿ. ಬೆರಳಿನ ಕೆಳಗೆ ಏನೋ ಅಲುಗಾಡಿತು ಅಲ್ಲವೇ? ಅದೇ ದವಡೆಯ ಕೀಲು.

ಮೊಣಕಾಲಿಗೆ ಕೀಲು ಇದೆ. ಹಾಗೆಯೇ ದವಡೆಗೂ ಎರಡು ಕೀಲುಗಳಿವೆ. ಮೂಳೆಗೆ ಮೂಳೆ ತಿಕ್ಕಬಾರದು. ಅದಕ್ಕೆ ನಡುವೆ ಒಂದು ಮೆತ್ತನೆಯ ಬಿಲ್ಲೆ ಇದೆ. ಉಣ್ಣುವಾಗ, ಮಾತಾಡುವಾಗ, ಆಕಳಿಸುವಾಗ ಈ ಕೀಲುಗಳು ಕೆಲಸ ಮಾಡುತ್ತವೆ.

ತೊಂದರೆ ಆದರೆ ಹೇಗೆ ತಿಳಿಯುತ್ತದೆ?

• ಅಗಿಯುವಾಗ ದವಡೆ ನೋಯುತ್ತದೆ.
• ಕಿವಿಯ ಹತ್ತಿರ, ಕೆನ್ನೆಯಲ್ಲಿ, ತಲೆಯಲ್ಲಿ ನೋವು ಬರುತ್ತದೆ.
• ಬಾಯಿ ಪೂರ್ತಿ ತೆರೆಯಲು ಆಗುವುದಿಲ್ಲ.
• ಕೆಲವೊಮ್ಮೆ ದವಡೆ ಹಿಡಿದುಕೊಳ್ಳುತ್ತದೆ.

ಬರೀ ಕಟಕ್ ಎಂದು ಶಬ್ದ ಬಂದು, ನೋವು ಇಲ್ಲದಿದ್ದರೆ ಹೆದರಬೇಡಿ.

ಬಾಳಿಗೆ ಆಗುವ ಕಷ್ಟ

ಈ ನೋವು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ರೊಟ್ಟಿ ಅಗಿಯಲು ಆಗುವುದಿಲ್ಲ. ಊಟ ಕಡಿಮೆ ಆಗುತ್ತದೆ. ರಾತ್ರಿ ನಿದ್ದೆ ಬರುವುದಿಲ್ಲ. ನಾಲ್ಕು ಜನರ ಜೊತೆ ಮಾತಾಡಲು, ನಗಲು ಬೇಸರ. ಹೊರಗೆ ಗಾಯ ಕಾಣುವುದಿಲ್ಲ. ಅದಕ್ಕೇ ಮನೆಯವರು, “ಇವಳದು ಯಾವಾಗಲೂ ಇದ್ದದ್ದೇ” ಅಂತಾರೆ. ಅವಳೂ ಸುಮ್ಮನಾಗುತ್ತಾಳೆ. “ನಮ್ಮವ್ವನಿಗೂ ಹಿಂಗೇ ಇತ್ತು. ನನಗೂ ಬಂತು. ಹಣೆಬರಹ” ಅಂತಾಳೆ.

ಇದು ನಿಜವೇ?

ವಂಶದ ಪಾಲು ಎಷ್ಟು?

ತಂದೆ ತಾಯಿಯಿಂದ ಮಕ್ಕಳಿಗೆ ಜೀನುಗಳು ಬರುತ್ತವೆ. ಮೈಬಣ್ಣ, ಮುಖದ ರೂಪ ಹೀಗೆಯೇ ಬರುತ್ತವೆ. 2005ರಲ್ಲಿ ಅಮೆರಿಕದ ವಿಜ್ಞಾನಿಗಳು ಒಂದು ಅಧ್ಯಯನ ಪ್ರಕಟಿಸಿದರು. ಆರೋಗ್ಯವಾಗಿದ್ದ 202 ಹೆಂಗಸರನ್ನು ಅವರು ಮೂರು ವರ್ಷದವರೆಗೆ ಗಮನಿಸಿದ್ದರು. ನೋವಿಗೆ ಸಂಬಂಧಪಟ್ಟ ಒಂದು ಜೀನು ಎಲ್ಲರಲ್ಲೂ ಒಂದೇ ತರಹ ಇರಲಿಲ್ಲ. ಅದರಿಂದ ಕೆಲವರಿಗೆ ನೋವು ಹೆಚ್ಚು ತಿಳಿಯುತ್ತಿತ್ತು. ಅಂಥವರಿಗೆ ದವಡೆ ನೋವು ಬರುವ ಸಂಭವವೂ ಹೆಚ್ಚಾಗಿತ್ತು.

ಆದ್ದರಿಂದ ಯಾರನ್ನೂ “ನಾಟಕ ಆಡ್ತಾಳೆ” ಎನ್ನಬೇಡಿ. ಅವಳ ನೋವು ನಿಜ.

ಆದರೆ ಎಲ್ಲವೂ ವಂಶದಿಂದಲೇ ಅಲ್ಲ. ಅವಳಿಗಳನ್ನು ನೋಡಿ 2012ರಲ್ಲಿ ಲೆಕ್ಕ ಹಾಕಿದರು. ವಂಶದ ಪಾಲು ಸುಮಾರು ಕಾಲು ಭಾಗ. ರೂಪಾಯಿಗೆ ನಾಲ್ಕಾಣೆ ಎನ್ನಿ. ಉಳಿದ ಹನ್ನೆರಡಾಣೆಗೆ ಬೇರೆ ಕಾರಣಗಳಿವೆ. ಹಲ್ಲು ಕಡಿಯುವುದು, ಚಿಂತೆ, ದವಡೆಗೆ ಬಿದ್ದ ಪೆಟ್ಟು, ಕೀಲುವಾತ ಇಂಥವು.

ಬೀಜ ಒಂದಿದ್ದರೆ ಬೆಳೆ ಬರುತ್ತದೆಯೇ? ನೆಲ, ನೀರು, ಬಿಸಿಲು ಎಲ್ಲ ಬೇಕು. ಇದೂ ಹಾಗೆಯೇ. ತಾಯಿಗೆ ಇದ್ದರೆ ಮಗಳಿಗೆ ಬಂದೇ ಬರುತ್ತದೆ ಎಂದಲ್ಲ. ಬಂದರೂ ವಾಸಿಯಾಗದು ಎಂದಲ್ಲ. “ಆ ಮನೆತನದ ಹೆಣ್ಣು ಬೇಡ” ಎನ್ನುವುದು ತಪ್ಪು.

ಮನೆಯಲ್ಲಿ ಏನು ಮಾಡಬೇಕು?

• ಕೆಲವು ದಿನ ಮೆತ್ತನೆಯ ಊಟ ಮಾಡಿ. ಮುದ್ದೆ, ಗಂಜಿ, ಮೆತ್ತಗೆ ಬೆಂದ ಅನ್ನ ಒಳ್ಳೆಯದು. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನಿ.
• ಕಬ್ಬು ಸಿಗಿಯಬೇಡಿ. ಹುರಿಗಡಲೆ, ಚಕ್ಕುಲಿ ಬೇಡ.
• ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ 10 ನಿಮಿಷ ಕಾವು ಕೊಡಿ. ಚರ್ಮ ಸುಡದಿರಲಿ.
• ಸುಮ್ಮನಿರುವಾಗ ತುಟಿ ಮುಚ್ಚಿರಲಿ. ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗದಿರಲಿ.
• ಆಕಳಿಸುವಾಗ ಗದ್ದದ ಕೆಳಗೆ ಕೈ ಕೊಡಿ.

ಬಹಳ ಜನರಿಗೆ ಇಷ್ಟರಿಂದಲೇ ನೋವು ಇಳಿಯುತ್ತದೆ. ಆಪರೇಷನ್ ಬೇಕಾಗುವುದು ಅಪರೂಪ.

ಡಾಕ್ಟರ ಹತ್ತಿರ ಯಾವಾಗ ಹೋಗಬೇಕು?

ಎರಡು ಮೂರು ವಾರವಾದರೂ ನೋವು ಇಳಿಯದಿದ್ದರೆ ಹಲ್ಲಿನ ಡಾಕ್ಟರಿಗೆ ತೋರಿಸಿ. ತೆರೆದ ಬಾಯಿ ಮುಚ್ಚಲು ಆಗದಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ಯಾರೂ ಎಳೆಯುವುದು, ತಿರುಚುವುದು ಮಾಡಬಾರದು.

ಅಡಿಕೆ, ಗುಟ್ಕಾ ಜಗಿಯುವವರೇ, ಕೇಳಿ. ಬಾಯಿಯ ಒಳಚರ್ಮ ಬಿಗಿಯಾಗಿ, ಬಾಯಿ ತೆರೆಯಲು ಆಗದಿದ್ದರೆ ಅದು ಬೇರೆ ರೋಗ. ಮುಂದೆ ಕ್ಯಾನ್ಸರ್ ಆಗಬಹುದು. ತಡ ಮಾಡಬೇಡಿ.

ದವಡೆ ನೋವಿನ ಜೊತೆ ಎದೆ ಬಿಗಿತ, ಬೆವರು, ಉಸಿರಾಟದ ತೊಂದರೆ ಬಂದರೆ ಹೃದಯದ ತೊಂದರೆ ಇರಬಹುದು. ಕೂಡಲೇ 108ಕ್ಕೆ ಫೋನ್ ಮಾಡಿ.

ಓದಿದಿರಿ. ಈಗ ಹೇಳಿ.

1. ದವಡೆಯ ಕೀಲು ಎಲ್ಲಿದೆ? ಮುಟ್ಟಿ ತೋರಿಸಿ.
2. ದವಡೆ ನೋವಿನಲ್ಲಿ ವಂಶದ ಪಾಲು ಎಷ್ಟು? ಬೇರೆ ಕಾರಣಗಳು ಯಾವುವು?
3. ನಿಮ್ಮ ಮನೆಯಲ್ಲಿ ನೋವನ್ನು ಹೇಳದೆ ನುಂಗಿಕೊಂಡವರು ಇದ್ದಾರೆಯೇ? ಅವರಿಗೆ ಈ ಪಾಠ ಓದಿ ಹೇಳಿ.

ಬರೆಯಿರಿ: ದವಡೆ, ಕೀಲು, ವಂಶ, ನೋವು, ಡಾಕ್ಟರು.